‘ತಿಂದರಂತೆ’ ಎಂಬ ಒಂದು ಪದ

ಕಳೆದ ವರ್ಷ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು ನನ್ನ ಕಚೇರಿಗೆ ಬಂದು, ಕೈಚೀಲದಿಂದ ರಿಜಿಸ್ಟರ್ಡ್ ಅಂಚೆಯ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ನಾಲ್ಕು ಪುಟದ ಲೀಗಲ್ ನೋಟಿಸ್ ಇತ್ತು. ಊರಿನ ವಾಟ್ಸ್‌ಆ್ಯಪ್ ಬಳಗದಲ್ಲಿ ಅವರು ಬರೆದ ಎರಡು ವಾಕ್ಯಗಳಿಗೆ ಇಪ್ಪತ್ತೈದು ಲಕ್ಷ ರೂಪಾಯಿ ಪರಿಹಾರ ಕೇಳಲಾಗಿತ್ತು. ಹದಿನೈದು ದಿನದೊಳಗೆ ಬಹಿರಂಗ ಕ್ಷಮೆ ಕೇಳದಿದ್ದರೆ ಸಿವಿಲ್ ದಾವೆಯ ಜೊತೆಗೆ ಕ್ರಿಮಿನಲ್ ಮೊಕದ್ದಮೆಯನ್ನೂ ಹೂಡುವುದಾಗಿ ಬರೆದಿತ್ತು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇಲ್ಲಿ ಹೇಳುತ್ತಿದ್ದೇನೆ.

ಆ ಎರಡು ವಾಕ್ಯಗಳು ಇವು: ‘ಹೊಸ ರಸ್ತೆ ಆರು ತಿಂಗಳೂ ಬಾಳಲಿಲ್ಲ. ಗುತ್ತಿಗೆದಾರರೂ ಇಂಜಿನಿಯರೂ ಸೇರಿಕೊಂಡು ತಿಂದರಂತೆ.’

ಮೇಷ್ಟ್ರಿಗೆ ತಮ್ಮ ವಾದದ ಮೇಲೆ ಪೂರ್ಣ ನಂಬಿಕೆಯಿತ್ತು. “ವಕೀಲರೇ, ನಾನು ‘ತಿಂದರು’ ಎಂದು ಬರೆದಿಲ್ಲ, ‘ತಿಂದರಂತೆ’ ಎಂದು ಬರೆದಿದ್ದೇನೆ. ಊರವರು ಹೇಳಿದ್ದನ್ನು ನಾನು ಹೇಳಿದೆ, ಅಷ್ಟೇ” ಎಂದರು. ವ್ಯಾಕರಣದ ದೃಷ್ಟಿಯಿಂದ ಅವರ ಮಾತು ಸರಿಯೇ. ಕಣ್ಣಾರೆ ಕಂಡದ್ದಕ್ಕೂ ಕಿವಿಗೆ ಬಿದ್ದದ್ದಕ್ಕೂ ನಡುವೆ ಕನ್ನಡ ಎರಡೇ ಅಕ್ಷರದಲ್ಲಿ ಗೆರೆ ಎಳೆಯಬಲ್ಲದು. ಜಗಲಿಯಲ್ಲಿ ಕುಳಿತವರು ‘ಅಂತೆ’ ಎಂದಾಗ, ‘ಇದಕ್ಕೆ ನಾನು ಹೊಣೆಯಲ್ಲ’ ಎಂಬ ಅರ್ಥ ಕೇಳುವವರಿಗೂ ತಿಳಿಯುತ್ತದೆ. ಆದರೆ ನ್ಯಾಯಾಲಯ ಆ ಗೆರೆಯನ್ನು ಒಪ್ಪುವುದಿಲ್ಲ. ಇಪ್ಪತ್ತು ವರ್ಷಗಳ ವಕೀಲಿಕೆಯಲ್ಲಿ ಸಾಮಾನ್ಯ ಜನರು ಬರೆದ ಮಾತಿಗಾಗಿ ಕಟಕಟೆ ಹತ್ತಿದ್ದನ್ನು ನೋಡಿದ್ದೇನೆ. ಅವರಲ್ಲಿ ಪ್ರಧಾನಿಯನ್ನೋ ಮುಖ್ಯಮಂತ್ರಿಯನ್ನೋ ಟೀಕಿಸಿ ಬಂದವರು ತೀರಾ ಕಡಿಮೆ. ರಸ್ತೆ, ಸೊಸೈಟಿ ಚುನಾವಣೆ, ದೇವಸ್ಥಾನದ ಲೆಕ್ಕ, ಶಾಲೆಯ ಬಿಸಿಯೂಟ ಇಂಥವುಗಳ ಬಗ್ಗೆ ‘ಅಂತೆ’ ಸೇರಿಸಿ ಬರೆದವರೇ ಹೆಚ್ಚು.

ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹಳೆಯ ದಂಡ ಸಂಹಿತೆಯ 499 ಮತ್ತು 500ನೇ ಕಲಂಗಳಲ್ಲಿದ್ದ ಮಾನಹಾನಿ ಈಗ 356ನೇ ಕಲಂನಲ್ಲಿದೆ. ಶಿಕ್ಷೆ ಎರಡು ವರ್ಷದವರೆಗಿನ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಅಥವಾ ಸಮುದಾಯ ಸೇವೆ. ಕಡೆಯದು ಹೊಸದಾಗಿ ಸೇರಿದೆ. ಈ ಕಲಂನ ವಿವರಣೆಗಳಲ್ಲಿ ಒಂದನ್ನು ಬರೆಯುವವರೆಲ್ಲ ತಿಳಿದಿರಬೇಕು: ಆರೋಪವನ್ನು ‘ಇದಾದರೂ ಇರಬೇಕು, ಅದಾದರೂ ಇರಬೇಕು’ ಎಂಬಂತೆ ಹೇಳಿದರೂ, ವ್ಯಂಗ್ಯವಾಗಿ ಹೇಳಿದರೂ ಅದು ಮಾನಹಾನಿಯಾಗಬಹುದು. ‘ನಮ್ಮ ಅಧ್ಯಕ್ಷರು ಹರಿಶ್ಚಂದ್ರನ ವಂಶದವರು ಬಿಡಿ’ ಎಂಬ ಮಾತು ಹೊಗಳಿಕೆಯಲ್ಲ ಎಂದು ನ್ಯಾಯಾಧೀಶರಿಗೂ ಗೊತ್ತಾಗುತ್ತದೆ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರೂ ಹೊಣೆ ತಪ್ಪುವುದಿಲ್ಲ.

ಹಾಗೆಂದು ಕಾನೂನು ಬಾಯಿ ಕಟ್ಟುತ್ತದೆ ಎಂದುಕೊಳ್ಳಬಾರದು. ಅದೇ ಕಲಂನಲ್ಲಿ ಹತ್ತು ವಿನಾಯಿತಿಗಳಿವೆ. ಸತ್ಯವಾದದ್ದನ್ನು ಸಾರ್ವಜನಿಕ ಹಿತಕ್ಕಾಗಿ ಹೇಳಿದರೆ ಅಪರಾಧವಲ್ಲ. ಸರ್ಕಾರಿ ನೌಕರರು ತಮ್ಮ ಕರ್ತವ್ಯದಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಸದ್ಭಾವನೆಯಿಂದ ಅಭಿಪ್ರಾಯ ಹೇಳಿದರೆ ಅಪರಾಧವಲ್ಲ. ಸಾರ್ವಜನಿಕ ವಿಷಯದಲ್ಲಿ ಯಾರೇ ನಡೆದುಕೊಂಡ ರೀತಿಗೂ ಇದೇ ಮಾತು ಅನ್ವಯಿಸುತ್ತದೆ. ಮೇಷ್ಟ್ರ ಮೊದಲ ವಾಕ್ಯವನ್ನು ಯಾವ ವಕೀಲರೂ ಮುಟ್ಟಲಾರರು. ರಸ್ತೆ ಕಿತ್ತುಹೋಗಿರುವುದು ಎಲ್ಲರ ಕಣ್ಣೆದುರಿಗಿದೆ. ‘ಇದು ಕಳಪೆ ಕೆಲಸ, ಮೇಲ್ವಿಚಾರಣೆ ಮಾಡಿದವರು ತಮ್ಮ ಕರ್ತವ್ಯ ಮಾಡಿಲ್ಲ ಎಂದು ನನಗನಿಸುತ್ತದೆ’ ಎಂದು ಮುಂದುವರಿಸಿದ್ದರೆ ಆ ನೋಟಿಸಿಗೆ ಕಾಲೇ ಇರುತ್ತಿರಲಿಲ್ಲ. ‘ತಿಂದರಂತೆ’ ಎಂಬುದು ಅಭಿಪ್ರಾಯವಲ್ಲ. ಅದು ಒಂದು ಘಟನೆ ನಡೆಯಿತು ಎಂಬ ಹೇಳಿಕೆ, ಅದೂ ಲಂಚವೆಂಬ ಅಪರಾಧದ ಹೇಳಿಕೆ. ಅದನ್ನು ಸಾಬೀತು ಮಾಡುವ ಹೊರೆ ಹೇಳಿದವರ ತಲೆಯ ಮೇಲೆ ಬೀಳುತ್ತದೆ. ‘ಊರಲ್ಲಿ ಎಲ್ಲರೂ ಹಾಗೆ ಹೇಳುತ್ತಾರೆ’ ಎಂದರೆ ಸಾಕ್ಷಿಯಾಗುವುದಿಲ್ಲ. ಪಾಟೀಸವಾಲಿನಲ್ಲಿ ‘ಯಾರು ಹೇಳಿದರು?’ ಎಂಬ ಒಂದೇ ಪ್ರಶ್ನೆಗೆ ಅದು ಉದುರಿಬೀಳುತ್ತದೆ, ಏಕೆಂದರೆ ಹೇಳಿದ ಯಾರೂ ನ್ಯಾಯಾಲಯದವರೆಗೆ ಬರುವುದಿಲ್ಲ.

ಸದ್ಭಾವನೆ ಎಂಬ ಪದವನ್ನೂ ಜನರು ತಪ್ಪಾಗಿ ತಿಳಿಯುತ್ತಾರೆ. ‘ನನ್ನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ’ ಎಂದರೆ ಸಾಲದು. ತಕ್ಕ ಎಚ್ಚರ ಮತ್ತು ಗಮನ ಇಲ್ಲದೆ ಮಾಡಿದ್ದು ಸದ್ಭಾವನೆಯಲ್ಲ ಎಂದು ಸಂಹಿತೆಯ ವ್ಯಾಖ್ಯೆಯೇ ಹೇಳುತ್ತದೆ. ಅಂದರೆ ಬರೆಯುವ ಮೊದಲು ನೀವು ಏನು ಮಾಡಿದಿರಿ, ಯಾರನ್ನು ಕೇಳಿದಿರಿ, ಯಾವ ಕಾಗದ ನೋಡಿದಿರಿ ಎಂಬುದರ ಮೇಲೆ ನಿಮ್ಮ ರಕ್ಷಣೆ ನಿಂತಿದೆ.

ಸಂಸ್ಕೃತಿಯ ಜಗಳಗಳಿಗೂ ಇಲ್ಲಿ ಒಂದು ಬಾಗಿಲಿದೆ. ನಾಟಕ, ಕವನ, ಭಾಷಣ, ಪುಸ್ತಕ ಹೀಗೆ ತಾವಾಗಿಯೇ ಜನರ ಮುಂದಿಟ್ಟ ಕೃತಿಯ ಗುಣದೋಷವನ್ನು ಹೇಳುವ ಸ್ವಾತಂತ್ರ್ಯವನ್ನು ಆರನೆಯ ವಿನಾಯಿತಿ ಕೊಡುತ್ತದೆ. 1860ರ ದಂಡ ಸಂಹಿತೆ ಇದಕ್ಕೆ ಕೊಟ್ಟ ಉದಾಹರಣೆ ನನಗೆ ಬಹಳ ಇಷ್ಟ. ‘ಇವರ ಪುಸ್ತಕ ಮೂರ್ಖತನದ್ದು, ಬರೆದವರು ದುರ್ಬಲ ಬುದ್ಧಿಯವರೇ ಇರಬೇಕು’ ಎಂದರೆ ರಕ್ಷಣೆ ಇದೆ, ಏಕೆಂದರೆ ಆ ತೀರ್ಮಾನ ಪುಸ್ತಕದಿಂದ ಹುಟ್ಟಿದೆ. ‘ಇವರ ಪುಸ್ತಕ ಹೀಗಿರುವುದರಲ್ಲಿ ಆಶ್ಚರ್ಯವಿಲ್ಲ, ಮನುಷ್ಯನೇ ದುರ್ಬಲ, ಲಂಪಟ’ ಎಂದರೆ ರಕ್ಷಣೆ ಇಲ್ಲ. ನಮ್ಮ ತಾಲ್ಲೂಕು ಸಾಹಿತ್ಯ ಸಮ್ಮೇಳನದ ಕವಿಗೋಷ್ಠಿ ಮುಗಿದ ರಾತ್ರಿ ನಡೆಯುವ ಚರ್ಚೆಗಳಿಗೆ ಈ ಎರಡು ವಾಕ್ಯಗಳ ಅಂತರ ತಿಳಿದಿದ್ದರೆ ಸಾಕಿತ್ತು. ಕವನದಿಂದ ಕವಿಯ ಕಡೆಗೆ ಹೋಗಬಹುದು. ಕವಿಯ ಮನೆಯ ಜಗಳದಿಂದ ಕವನದ ಕಡೆಗೆ ಬರಬಾರದು.

ರಾಜಕೀಯದ ವಿಷಯದಲ್ಲಿ ಜನರು ಅಂದುಕೊಂಡದ್ದಕ್ಕಿಂತ ಹೆಚ್ಚು ಜಾಗ ಇದೆ, ಮತ್ತು ಆ ಜಾಗವನ್ನು ಜನಸಾಮಾನ್ಯರೇ ಗೆದ್ದುಕೊಟ್ಟಿದ್ದಾರೆ. 2012ರ ನವೆಂಬರ್‌ನಲ್ಲಿ ಬಾಳ ಠಾಕ್ರೆ ನಿಧನರಾದಾಗ ಮುಂಬೈ ಸ್ತಬ್ಧವಾದುದನ್ನು ಪ್ರಶ್ನಿಸಿ ಒಬ್ಬ ಯುವತಿ ಫೇಸ್‌ಬುಕ್‌ನಲ್ಲಿ ಬರೆದಳು, ಇನ್ನೊಬ್ಬಳು ಅದಕ್ಕೆ ಮೆಚ್ಚುಗೆ ಒತ್ತಿದಳು. ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರೂ ಬಂಧನಕ್ಕೊಳಗಾದರು. ಆ ಘಟನೆ ಎಬ್ಬಿಸಿದ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಉತ್ತರ ಕೊಟ್ಟು, ಆನ್‌ಲೈನ್‌ನಲ್ಲಿ ‘ಕಿರಿಕಿರಿ’ ಉಂಟುಮಾಡುವ ಸಂದೇಶವನ್ನೂ ಅಪರಾಧವೆನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಅನ್ನು ರದ್ದುಪಡಿಸಿತು. ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ. ಮೊದಲೆರಡು ಎಷ್ಟೇ ಕಹಿಯಾಗಿದ್ದರೂ ಅವನ್ನು ತಡೆಯುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಸತ್ತ ಕಲಂನಡಿ ಮೊಕದ್ದಮೆಗಳು ಮುಂದುವರಿದವು ಎಂಬ ಕಾರಣಕ್ಕೆ 2022ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಮತ್ತೊಮ್ಮೆ ನಿರ್ದೇಶನ ನೀಡಬೇಕಾಯಿತು. ಇಂದಿಗೂ ಯಾರಾದರೂ ನಿಮ್ಮ ಮುಂದೆ 66ಎ ಎಂದರೆ, ಅದು ಇಲ್ಲ ಎಂದು ಗಟ್ಟಿಯಾಗಿ ಹೇಳಿ.

2024ರ ಮಾರ್ಚ್‌ನಲ್ಲಿ ಇನ್ನೊಂದು ತೀರ್ಪು ಬಂತು. 370ನೇ ವಿಧಿಯ ರದ್ದತಿಯನ್ನು ವಿರೋಧಿಸಿ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದ್ದ ಮಹಾರಾಷ್ಟ್ರದ ಪ್ರಾಧ್ಯಾಪಕರೊಬ್ಬರ ಮೇಲಿನ ಎಫ್‌ಐಆರ್ ಅನ್ನು ರದ್ದುಪಡಿಸಿದ ಸುಪ್ರೀಂ ಕೋರ್ಟ್, ಸರ್ಕಾರದ ಯಾವ ನಿರ್ಧಾರವನ್ನಾದರೂ ಟೀಕಿಸುವ ಹಕ್ಕು ಪ್ರಜೆಗಿದೆ ಎಂದಿತು. 2025ರ ಮಾರ್ಚ್ 28ರಂದು, ಕವನವಿದ್ದ ವಿಡಿಯೊ ಹಾಕಿದ್ದಕ್ಕೆ ಎಫ್‌ಐಆರ್ ಎದುರಿಸಿದ್ದ ಸಂಸದ ಇಮ್ರಾನ್ ಪ್ರತಾಪಗಢಿ ಅವರ ಪ್ರಕರಣದಲ್ಲಿ, ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ ವಿವೇಕಿಗಳ ಅಳತೆಯಲ್ಲಿ ನೋಡಬೇಕೇ ಹೊರತು ಎಲ್ಲದರಲ್ಲೂ ಅಪಾಯ ಕಾಣುವವರ ಅಳತೆಯಲ್ಲಿ ಅಲ್ಲ ಎಂದು ಹೇಳಿತು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಇಂಥ ಆರೋಪಗಳಲ್ಲಿ ಎಫ್‌ಐಆರ್‌ಗೆ ಮೊದಲು ಹದಿನಾಲ್ಕು ದಿನದೊಳಗೆ ಮುಗಿಸುವ ಪ್ರಾಥಮಿಕ ವಿಚಾರಣೆಗೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173(3) ಅವಕಾಶ ಕೊಡುತ್ತದೆ. ಪೊಲೀಸರು ಅದನ್ನು ಬಳಸುವುದು ಒಳಿತು ಎಂದೂ ಅದೇ ತೀರ್ಪು ಹೇಳಿತು.

ಸುಪ್ರೀಂ ಕೋರ್ಟಿನ 1994ರ ರಾಜಗೋಪಾಲ್ ತೀರ್ಪನ್ನು ನಮ್ಮ ಹಳ್ಳಿಗಳಲ್ಲಿ ಗೋಡೆಯ ಮೇಲೆ ಬರೆಸಬೇಕು ಎನಿಸುತ್ತದೆ. ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ‘ನಮ್ಮ ಮಾನ ಹೋಯಿತು’ ಎಂದು ಪರಿಹಾರ ಕೇಳಿ ದಾವೆ ಹೂಡುವಂತಿಲ್ಲ. ಅಧಿಕಾರಿಯೊಬ್ಬರ ಕರ್ತವ್ಯದ ಬಗ್ಗೆ ಬರೆದದ್ದು ತಪ್ಪಾಗಿದ್ದರೂ, ತಕ್ಕಮಟ್ಟಿಗೆ ಪರಿಶೀಲಿಸಿ ಬರೆದೆ ಎಂದು ತೋರಿಸಿದರೆ ಸಿವಿಲ್ ಪರಿಹಾರ ಕೊಡಬೇಕಾಗಿಲ್ಲ. ಆದರೆ ಗುತ್ತಿಗೆದಾರ ಖಾಸಗಿ ವ್ಯಕ್ತಿ. ಮೇಷ್ಟ್ರ ಇಕ್ಕಟ್ಟು ಅಲ್ಲಿತ್ತು.

ಇತರರ ಬರಹವನ್ನು ಮುಂದೆ ಕಳಿಸುವವರು ತಮಗೇನೂ ಸಂಬಂಧವಿಲ್ಲ ಎಂದುಕೊಂಡಿರುತ್ತಾರೆ. ಸಂದೇಶವನ್ನು ಕಳಿಸುವುದೆಂದರೆ ಅದನ್ನು ಒಪ್ಪಿ ಅನುಮೋದಿಸಿದಂತೆ ಎಂದು ಮದ್ರಾಸ್ ಹೈಕೋರ್ಟ್ 2018ರಲ್ಲಿ ಹೇಳಿದೆ. ಬಳಗದ ಅಡ್ಮಿನ್‌ಗಳು ಮಾತ್ರ ಕೊಂಚ ನಿರಾಳವಾಗಿರಬಹುದು. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ.

ಇನ್ನೊಂದು ಬಗೆಯ ಜನರೂ ನನ್ನ ಬಳಿಗೆ ಬರುತ್ತಾರೆ. ಅವರ ಬಗ್ಗೆ ನನಗೆ ಕರುಣೆ ಇಲ್ಲ. ನೀರಿನ ಟ್ಯಾಂಕ್ ಎಲ್ಲಿ ಕಟ್ಟಬೇಕು ಎಂದು ಶುರುವಾದ ಚರ್ಚೆ, ಒಬ್ಬರ ಬಳಿ ಉತ್ತರ ಮುಗಿದ ಕೂಡಲೇ ಎದುರಿನವರ ಜಾತಿಗೆ ಇಳಿಯುತ್ತದೆ. ಎದುರಿಗಿರುವವರು ಹೆಣ್ಣುಮಕ್ಕಳಾಗಿದ್ದರೆ ಅವರ ನಡತೆಗೆ ಇಳಿಯುತ್ತದೆ. ಗ್ರಾಮ ಪಂಚಾಯಿತಿಯ ಸದಸ್ಯೆಯೊಬ್ಬರು ಕಸ ವಿಲೇವಾರಿಯ ಬಗ್ಗೆ ಒಂದು ಪ್ರಶ್ನೆ ಕೇಳಿದ್ದಕ್ಕೆ ಬಂದ ಉತ್ತರಗಳನ್ನು ನಾನು ಓದಿದ್ದೇನೆ. ಅವನ್ನು ಇಲ್ಲಿ ಬರೆಯಲಾರೆ. ಆಮೇಲೆ ಅವರು ಆ ಬಳಗದಲ್ಲಿ ಒಂದು ಮಾತನ್ನೂ ಆಡಲಿಲ್ಲ. ಊರಿಗೆ ಆದ ನಷ್ಟ ಅದು. ಪರಿಶಿಷ್ಟ ಜಾತಿ, ಪಂಗಡಗಳವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಡಿ ಮೊಕದ್ದಮೆ ನಿಂತರೆ ನಿರೀಕ್ಷಣಾ ಜಾಮೀನು ಸಿಗುವುದಿಲ್ಲ ಎಂದು ಹೇಳಿದಾಗ ‘ತಮಾಷೆಗೆ ಬರೆದದ್ದು ಸಾರ್’ ಎನ್ನುವವರ ಕಡತವನ್ನು ನಾನು ಹಿಂದಿರುಗಿಸಿದ್ದೇನೆ.

ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಮೊದಲಿಗೆ ಅವರಿಗೆ ಹೇಳಿದ್ದು, ಲೀಗಲ್ ನೋಟಿಸ್ ಎಂದರೆ ನ್ಯಾಯಾಲಯದ ಆದೇಶವಲ್ಲ, ಒಬ್ಬ ವಕೀಲರು ಬರೆದ ಪತ್ರ. ಅದರಲ್ಲಿರುವ ಮೊತ್ತ ಹೆದರಿಸಲೆಂದು ಬರೆದ ಮೊತ್ತ. ಉತ್ತರ ಕೊಡಬೇಕು, ಕೊಡೋಣ. ಕ್ರಿಮಿನಲ್ ಮಾನಹಾನಿ ಅಸಂಜ್ಞೇಯ ಅಪರಾಧ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬೇಕು, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂನಂತೆ, ಇಂಥ ದೂರನ್ನು ಗಣನೆಗೆ ತೆಗೆದುಕೊಳ್ಳುವ ಮೊದಲು ಆರೋಪಿಯ ಮಾತನ್ನೂ ಕೇಳಬೇಕು. ಠಾಣೆಯಿಂದ ‘ಬಂದು ಹೋಗಿ’ ಎಂಬ ಫೋನ್ ಬಂದರೆ, ಲಿಖಿತ ನೋಟಿಸ್ ಕೇಳಿ. ಮೊಬೈಲ್ ಕೊಡಬೇಕಾಗಿ ಬಂದರೆ ಮಹಜರಿನ ಪ್ರತಿ ಇಲ್ಲದೆ ಕೊಡಬೇಡಿ. ಬರೆದದ್ದನ್ನು ಗಾಬರಿಯಿಂದ ಅಳಿಸಿ, ಅಳಿಸಿದ್ದನ್ನು ಮುಚ್ಚಿಡಲು ಹೋಗಬೇಡಿ. ಎದುರಿನವರ ಬಳಿ ಸ್ಕ್ರೀನ್‌ಶಾಟ್ ಇದ್ದೇ ಇರುತ್ತದೆ, ನಿಮ್ಮ ಮೊದಲನೆಯ ವಾಕ್ಯ ಮಾತ್ರ ಅದರಲ್ಲಿ ಇಲ್ಲದಿರಬಹುದು.

ಅವರು ಎಲ್ಲವನ್ನೂ ಕೇಳಿ, “ಇನ್ನು ಮೇಲೆ ಬರೆಯುವುದೇ ಬೇಡ ಬಿಡಿ” ಎಂದರು. ನನಗೆ ನೋವಾದದ್ದು ಆ ಮಾತಿಗೆ. ಮೂವತ್ತು ವರ್ಷ ಮಕ್ಕಳಿಗೆ ವಾಕ್ಯ ಕಟ್ಟುವುದನ್ನು ಕಲಿಸಿದವರು ಒಂದು ಲಕೋಟೆಗೆ ಬಾಯಿ ಮುಚ್ಚುವುದಾದರೆ, ಆ ಲಕೋಟೆ ಕಳಿಸಿದವರ ಕೆಲಸ ನ್ಯಾಯಾಲಯಕ್ಕೆ ಹೋಗದೆಯೇ ಮುಗಿಯಿತು.

ಉತ್ತರದಲ್ಲಿ ‘ತಿಂದರಂತೆ’ ಎಂಬ ಪದವನ್ನು ಹಿಂತೆಗೆದುಕೊಂಡೆವು. ಅದಕ್ಕೆ ಆಧಾರ ಇರಲಿಲ್ಲ, ಆದ್ದರಿಂದ ಅದನ್ನು ಬಿಡುವುದು ನ್ಯಾಯವೇ ಆಗಿತ್ತು. ರಸ್ತೆಯ ಬಗೆಗಿನ ಮಾತನ್ನು ಒಂದಕ್ಷರವೂ ಬಿಡಲಿಲ್ಲ. ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ ಬರೆಸಿದೆ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಪದದ ಮಿತಿ. ಜನರು ಇಲ್ಲಿ ಎಡವುತ್ತಾರೆ. ಊರಿನ ಇಡೀ ಇತಿಹಾಸ ಬರೆದು ‘ಸೂಕ್ತ ಕ್ರಮ ಕೈಗೊಳ್ಳಿ’ ಎಂದು ಮುಗಿಸಿದರೆ ಅದು ಮಾಹಿತಿ ಅರ್ಜಿಯಲ್ಲ, ಮನವಿ ಪತ್ರ. ಕಾಗದವನ್ನು ಹೆಸರಿಸಿ ಕೇಳಬೇಕು: ಅಂದಾಜು ಪಟ್ಟಿ, ಕಾರ್ಯಾದೇಶ, ಬಿಲ್, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಅಳತೆ ಪುಸ್ತಕ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪ ಎಂದು ಇಂಜಿನಿಯರ್ ಬರೆದು ಸಹಿ ಮಾಡುವುದು ಆ ಪುಸ್ತಕದಲ್ಲಿ. ಬಿಲ್ ಹುಟ್ಟುವುದೂ ಅದರಿಂದಲೇ. ಕೆಲಸವನ್ನೇ ಪರಿಶೀಲಿಸಲು, ಬಳಸಿದ ವಸ್ತುವಿನ ಪ್ರಮಾಣೀಕೃತ ಮಾದರಿ ಪಡೆಯಲು ಕೂಡ ಕಾಯ್ದೆಯ 2(ಜೆ) ಹಕ್ಕು ಕೊಡುತ್ತದೆ ಎಂದಾಗ ಮೇಷ್ಟ್ರು ನನ್ನನ್ನು ನಂಬಲಿಲ್ಲ. ಕಾಯ್ದೆಯ ಪುಸ್ತಕ ತೆಗೆದು ತೋರಿಸಿದೆ.

ಅಳತೆ ಪುಸ್ತಕದ ಪ್ರತಿ ಬರಲು ಮೇಲ್ಮನವಿಯೂ ಸೇರಿ ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ನೋಟಿಸ್ ಕಳಿಸಿದವರಿಂದ ಇನ್ನೊಂದು ಪತ್ರ ಬರಲಿಲ್ಲ. ಸಿವಿಲ್ ದಾವೆಗೆ ಒಂದು ವರ್ಷ, ಕ್ರಿಮಿನಲ್ ದೂರಿಗೆ ಮೂರು ವರ್ಷದ ಕಾಲಮಿತಿ ಇರುವುದರಿಂದ ಎಚ್ಚರ ತಪ್ಪಬೇಡಿ ಎಂದು ಹೇಳಿದ್ದೆ. ಒಂದು ಸಂಜೆ ಅವರು ಬಂದು ಚೀಟಿಯೊಂದನ್ನು ಕೊಟ್ಟು, “ಹೀಗೆ ಬರೆಯಬಹುದೇ ನೋಡಿ” ಎಂದರು. ‘ಅಳತೆ ಪುಸ್ತಕದಲ್ಲಿ ಕಾಂಕ್ರೀಟಿನ ದಪ್ಪ 15 ಸೆಂ.ಮೀ. ಎಂದಿದೆ. ಬಸ್ ನಿಲ್ದಾಣದ ಎದುರು ಒಡೆದ ಅಂಚಿನಲ್ಲಿ ನಾನು ಅಳೆದಾಗ 9 ಸೆಂ.ಮೀ. ಬಂತು. ಇದಕ್ಕೆ ಇಲಾಖೆ ಉತ್ತರ ಕೊಡಬೇಕೆಂದು ಕೇಳುತ್ತೇನೆ.’ ಅಳೆದ ದಿನಾಂಕವನ್ನೂ ಸೇರಿಸಿ ಎಂದೆ, ಬೇರೇನೂ ತಿದ್ದಲಿಲ್ಲ. ಅಳತೆ ಪುಸ್ತಕದ ಆ ಪುಟದ ಫೋಟೊ, ತಮ್ಮ ಮರದ ಸ್ಕೇಲು ಇಟ್ಟು ತೆಗೆದ ರಸ್ತೆಯ ಫೋಟೊ ಎರಡನ್ನೂ ಜೊತೆಗೆ ಹಾಕಿದರು.

ಮೊದಲ ಉತ್ತರ ಗುತ್ತಿಗೆದಾರರ ಸೋದರಳಿಯನಿಂದ ಬಂತು: “ಮೇಷ್ಟ್ರೇ, ಅಂಚಿನಲ್ಲಿ ಅಳೆದರೆ ಕಡಿಮೆಯೇ ಬರುತ್ತದೆ. ನಡುವೆ ಅಳೆಯಬೇಕು.” ಮೇಷ್ಟ್ರು ಬರೆದರು: “ಭಾನುವಾರ ಬೆಳಿಗ್ಗೆ ಏಳಕ್ಕೆ ಬಾಪ್ಪಾ, ಇಬ್ಬರೂ ಸೇರಿ ಅಳೆಯೋಣ. ಟೇಪ್ ನೀನೇ ತಾ.”