ಡಿ4 ವಿ2 ನಿಂತರೆ ಮಿಲ್ಲಿನ ಲೆಕ್ಕದ ಗತಿ?

ಪ್ರಶ್ನೆ: ಗಂಗಾವತಿಯ ನಮ್ಮ ರೈಸ್ ಮಿಲ್ಲಿನ ಲೆಕ್ಕದ ಸಾಫ್ಟ್‌ವೇರ್ ಮೈಕ್ರೋಸಾಫ್ಟ್ ಅಜೂರ್‌ನ ‘ಡಿ4 ವಿ2’ ಸೈಜಿನ ವಿಂಡೋಸ್ ವರ್ಚುವಲ್ ಮಷೀನಿನಲ್ಲಿ (ಇಂಟರ್ನೆಟ್ ಮೂಲಕ ಬಳಸುವ ಬಾಡಿಗೆ ಕಂಪ್ಯೂಟರಿನಲ್ಲಿ) ಇದೆ. ಆ ಸೈಜು 2028ರ ಮೇ 1ಕ್ಕೆ ನಿಲ್ಲುತ್ತದೆ ಎಂದು ಮೇಲ್ ಬಂದಿದೆ. ನಮ್ಮ ಲೆಕ್ಕವೆಲ್ಲ ಅಳಿಸಿಹೋಗುತ್ತದೆಯೇ?

ಅಳಿಸಿಹೋಗುವುದಿಲ್ಲ. ನಿಲ್ಲುವುದು ಯಂತ್ರ ಮಾತ್ರ. ಲೆಕ್ಕವಿರುವ ಡಿಸ್ಕ್ ಹಾಗೇ ಉಳಿಯುತ್ತದೆ, ಅದರ ಬಾಡಿಗೆಯೂ ತಪ್ಪದೆ ಬರುತ್ತಿರುತ್ತದೆ! ಆದರೆ ಅಂದು ಬೆಳಿಗ್ಗೆ ತೂಕದ ಚೀಟಿ ತೆಗೆಯಲು ಕುಳಿತ ಗುಮಾಸ್ತರ ಮುಂದೆ ಸಾಫ್ಟ್‌ವೇರ್ ತೆರೆದುಕೊಳ್ಳುವುದಿಲ್ಲ.

ಸೈಜು ಎಂದರೆ ಎಲ್ಲೋ ಒಂದು ಡೇಟಾ ಸೆಂಟರಿನಲ್ಲಿರುವ ನಿಜವಾದ ಸರ್ವರಿನಲ್ಲಿ ನಿಮ್ಮ ಪಾಲು. ಆ ಸರ್ವರಿಗೆ ವಯಸ್ಸಾದಾಗ ಅದರ ಮೇಲಿನ ಪಾಲುಗಳನ್ನೂ ಮುಚ್ಚುತ್ತಾರೆ. ಮೊದಲ ‘ಎ’ ಸರಣಿ 2024ರ ಆಗಸ್ಟ್ 31ಕ್ಕೆ ಹೀಗೆಯೇ ಹೋಯಿತು. ಅದೇ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಗೇಟು ಹೇಳಿ ಹೋಗಲಿಲ್ಲ. ಅಜೂರ್ ತಾರೀಕು ಕೊಟ್ಟು ಹೇಳಿದೆ.

ಹೊಸ ಸೈಜು ಆರಿಸುವಾಗ ಹೆಸರು ನೋಡಿ ಮೋಸಹೋಗಬೇಡಿ. ‘ಡಿ4 ವಿ2’ ಇದ್ದವರು ಸಹಜವಾಗಿ ‘ಡಿ4’ ಎಂದಿರುವ ಹೊಸದನ್ನೇ ಹುಡುಕುತ್ತಾರೆ. ಹಳೆಯ ಸರಣಿಯ ಹೆಸರಿನಲ್ಲಿದ್ದ 4 ಬರೀ ಕ್ರಮಸಂಖ್ಯೆ. ಅದರೊಳಗೆ ಇದ್ದದ್ದು 8 ವಿಸಿಪಿಯು (ನಿಮ್ಮ ಪಾಲಿಗೆ ಬರುವ ಪ್ರೊಸೆಸರಿನ ಎಣಿಕೆ), 28 ಜಿಬಿ ಮೆಮೊರಿ. ಮೂರನೇ ಪೀಳಿಗೆಯಿಂದ ಆ ಅಂಕಿ ವಿಸಿಪಿಯುಗಳ ಎಣಿಕೆಯೇ ಆಯಿತು. ಹಾಗಾಗಿ ‘ಡಿ4ಎಸ್ ವಿ5’ನಲ್ಲಿ 4 ವಿಸಿಪಿಯು, 16 ಜಿಬಿ ಅಷ್ಟೆ. ಸೋನಾ ಮಸೂರಿ ಸುಗ್ಗಿಯಲ್ಲಿ ಹತ್ತು ಜನ ಒಟ್ಟಿಗೆ ಬಿಲ್ಲು ಹಾಕುವಾಗ ಸಾಫ್ಟ್‌ವೇರ್ ತೆವಳತೊಡಗಿದರೆ, ಬೈಗುಳ ತಿನ್ನುವುದು ಪಾಪದ ಇಂಟರ್ನೆಟ್ ಕಂಪನಿ.

ಇನ್ನೊಂದು ಸೂಕ್ಷ್ಮವಿದೆ. ಹಳೆಯ ವಿ2ನಲ್ಲಿ ಒಂದು ವಿಸಿಪಿಯು ಎಂದರೆ ಪ್ರೊಸೆಸರಿನ ಒಂದು ಇಡೀ ಕೋರ್, ಅಂದರೆ ಸ್ವತಂತ್ರವಾಗಿ ಲೆಕ್ಕ ಮಾಡುವ ಒಂದು ಭಾಗ. ಇಂಟೆಲ್‌ನ ಹೊಸ ಸೈಜುಗಳಲ್ಲಿ ಅದು ಒಂದೇ ಕೋರನ್ನು ಹಂಚಿಕೊಂಡು ಓಡುವ ಎರಡು ಥ್ರೆಡ್‌ಗಳಲ್ಲಿ ಒಂದು. ಹೊಸ ಕೋರ್ ಚುರುಕಾಗಿರುವುದರಿಂದ ನಷ್ಟ ಅರ್ಧದಷ್ಟಾಗದು, ಆದರೂ ಓಡಿಸಿ ನೋಡದೆ ನಂಬಬೇಡಿ. ನಿಮಗೆ ನಾನು ಹೇಳುವುದು ‘ಡಿ8ಡಿಎಸ್ ವಿ5’: 8 ವಿಸಿಪಿಯು, 32 ಜಿಬಿ.

8ರ ನಂತರದ ‘ಡಿ’ ಬಿಡಬೇಡಿ. ಈ ಸೈಜಿಗೂ ಹಳೆಯದರಂತೆ ತಾತ್ಕಾಲಿಕ ಡಿಸ್ಕ್ ಇದೆ ಎಂದು ಅದರರ್ಥ. ಅದಿಲ್ಲದ ಸೈಜಿಗೆ ಹೋಗುವುದು ಸುತ್ತುಬಳಸಿನ ದಾರಿ. ಈ ತಾತ್ಕಾಲಿಕ ಡಿಸ್ಕೇ ವಿಂಡೋಸ್‌ನಲ್ಲಿ ಕಾಣುವ ‘ಡಿ’ ಡ್ರೈವ್. ಒಂದು ಮಿಲ್ಲಿನಲ್ಲಿ ಎರಡು ವರ್ಷದ ವೇಬ್ರಿಡ್ಜ್ ಬ್ಯಾಕಪ್ಪನ್ನು ಅಲ್ಲಿಯೇ ಪೇರಿಸಿಟ್ಟಿದ್ದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ಪಕ್ಕದಲ್ಲೇ ‘ಡೇಟಾಲಾಸ್ ವಾರ್ನಿಂಗ್ ರೀಡ್‌ಮಿ’ ಎಂಬ ಕಡತ ಬಾಯಿ ಬಡಿದುಕೊಳ್ಳುತ್ತಿತ್ತು, ಯಾರೂ ತೆರೆದಿರಲಿಲ್ಲ. ಸೈಜು ಬದಲಿಸಿದರೆ ಆ ಡ್ರೈವಿನಲ್ಲಿರುವುದು ಉಳಿಯುವುದಿಲ್ಲ. ಅಲ್ಲಿ ಏನಿದ್ದರೂ ಮೊದಲು ಬೇರೆಡೆಗೆ ಸಾಗಿಸಿ. ಉಳಿದ ಡಿಸ್ಕ್‌ಗಳ ಸ್ನ್ಯಾಪ್‌ಶಾಟ್ (ಆ ಕ್ಷಣದ ನಕಲು) ತೆಗೆದಿಟ್ಟುಕೊಳ್ಳಿ. ಆಮೇಲೆ ಮಷೀನ್ ನಿಲ್ಲಿಸಿ, ಹೊಸ ಸೈಜು ಆರಿಸಿ, ಮತ್ತೆ ಚಾಲೂ ಮಾಡಿ. ಕೆಲಸ ಇಷ್ಟೆ.

ಯಾವಾಗ ಎಂಬುದೇ ಉಳಿದ ಮಾತು. ಕೊನೆಯ ದಿನದವರೆಗೆ ಕಾಯೋಣ ಎಂದರೆ, ಮೇ 1 ಎಂದರೆ ನಮ್ಮಲ್ಲಿ ಬೇಸಿಗೆ ಭತ್ತದ ಕಟಾವು, ಮಿಲ್ಲಿನ ಮುಂದೆ ಟ್ರ್ಯಾಕ್ಟರುಗಳ ಸಾಲು. ನವೆಂಬರ್, ಡಿಸೆಂಬರಿನಲ್ಲಿಯೂ ಅದೇ ಪಾಡು. ಎಡದಂಡೆ ಕಾಲುವೆಗೆ ನೀರು ಬಿಟ್ಟು, ಎಲ್ಲರೂ ನಾಟಿಯಲ್ಲಿ ಮುಳುಗಿರುವ ಆಗಸ್ಟ್ ಒಳ್ಳೆಯದು. ನಿಮ್ಮಲ್ಲಿ ಅಮಾವಾಸ್ಯೆಗೆ ಹಮಾಲರು ರಜೆ ಮಾಡುವುದಾದರೆ ಆ ದಿನವೇ ಕುಳಿತು ಮುಗಿಸಿ. ಮರುದಿನ ಹತ್ತು ಹಳೆಯ ಬಿಲ್ಲುಗಳನ್ನು ತೆರೆದು ಮೊತ್ತ ಸರಿಯಿದೆಯೇ ನೋಡಿ, ಆಮೇಲೆಯೇ ಸ್ನ್ಯಾಪ್‌ಶಾಟ್ ಅಳಿಸಿ.