ಮಾವೋರಿ ಪಾಠ ಬಂದಿದ್ದು ಕೊಳಚೆ ಪೈಪಿನ ದಾರಿಯಲ್ಲಿ

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ರೋಟೊರುವಾ ಎಂಬ ಊರಿದೆ. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಪ್ರವಾಸಿ ಊರು. 1980ರ ಹೊತ್ತಿಗೆ ಅಲ್ಲಿನ ಸರೋವರ ಕೆಡುತ್ತಾ ಬಂದಿತ್ತು. ಊರಿನ ಕೊಳಚೆಯನ್ನು ಸಂಸ್ಕರಿಸಿ ಆ ಸರೋವರಕ್ಕೇ ಬಿಡುತ್ತಿದ್ದರು. ಅದರಲ್ಲಿ ಉಳಿದ ಸಾರಜನಕ, ರಂಜಕದಿಂದ ಪಾಚಿ ಹಬ್ಬುತ್ತಿತ್ತು. ಎಂಜಿನಿಯರುಗಳು ಒಂದು ದಾರಿ ಹುಡುಕಿದರು. ಪೈಪ್ ಎಳೆದು ಆ ನೀರನ್ನು ಕೈತುನಾ ನದಿಗೆ ಬಿಡುವುದು. ನದಿ ಅದನ್ನು ಸಮುದ್ರಕ್ಕೆ ಸಾಗಿಸುತ್ತದೆ, ಸರೋವರ ಉಳಿಯುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು.

ಆದರೆ ಆ ನದಿಯ ದಡದಲ್ಲಿ ನಾಟಿ ಪಿಕಿಯಾವೊ ಎಂಬ ಮಾವೋರಿ (ದೇಶದ ಮೂಲನಿವಾಸಿ) ಕುಲದವರು ತಲೆಮಾರುಗಳಿಂದ ಇದ್ದರು. ನದಿ ಅವರಿಗೆ ಅನ್ನ ಕೊಡುತ್ತಿತ್ತು. ಮನುಷ್ಯರ ಮಲ ಸೇರಿದ ನೀರನ್ನು ಎಷ್ಟೇ ಶುದ್ಧ ಮಾಡಿದರೂ ನೇರವಾಗಿ ಅಂಥ ನದಿಗೆ ಬಿಡಬಾರದು, ಮೊದಲು ಅದು ಮಣ್ಣಿನ ಮೂಲಕ ಹಾಯಬೇಕು ಎನ್ನುವುದು ಅವರ ಕಟ್ಟಳೆ. ಲ್ಯಾಬ್ ವರದಿ ತೋರಿಸಿ ಬಗೆಹರಿಸುವ ತಕರಾರು ಇದಲ್ಲ. ಬ್ರಿಟಿಷರು ಮಾವೋರಿಗಳ ಜೊತೆ ಮಾಡಿಕೊಂಡ ವೈಟಾಂಗಿ ಒಪ್ಪಂದ ಮುರಿದ ದೂರುಗಳನ್ನು ಕೇಳುವ ವೈಟಾಂಗಿ ನ್ಯಾಯಮಂಡಳಿಗೆ ಅವರು ಹೋದರು. 1984ರಲ್ಲಿ ಮಂಡಳಿಯು ಪೈಪಿನ ಯೋಜನೆ ಕೈಬಿಡಿ, ನೀರನ್ನು ನೆಲಕ್ಕೆ ಬಿಡುವ ದಾರಿ ನೋಡಿ ಎಂದಿತು. ಪೈಪ್ ಬರಲಿಲ್ಲ. 1991ರಿಂದ ಆ ನೀರನ್ನು ಫಕರೆವರೆವ ಕಾಡಿನ ಮರಗಳಿಗೆ ಸಿಂಪಡಿಸತೊಡಗಿದರು. (ಅದೂ ಪೂರ್ತಿ ಸಲೀಸಾಗಲಿಲ್ಲ. ವರ್ಷಗಳು ಕಳೆದಂತೆ ಕಾಡಿನ ಮಣ್ಣಿನಿಂದ ಸಾರಜನಕ ಸೋರಿ ತೊರೆ ಸೇರತೊಡಗಿತು. ಆ ಕಥೆ ಬೇರೆ.)

ನ್ಯೂಜಿಲೆಂಡಿನ ಎಂಜಿನಿಯರಿಂಗ್ ಓದಿನಲ್ಲಿ ಇವತ್ತು ಮಾವೋರಿ ಭಾಷೆ, ಸಂಸ್ಕೃತಿ, ವೈಟಾಂಗಿ ಒಪ್ಪಂದ ಎಲ್ಲವೂ ಬರುತ್ತವೆ. ಇದನ್ನು ಭಾಷಾಭಿಮಾನದ ಕಥೆಯಾಗಿ ಹೇಳುವವರು ಜಾಸ್ತಿ. ನನಗೆ ಹಾಗೆ ಕಾಣುವುದಿಲ್ಲ. ಭಾಷಾ ಚಳವಳಿ ಬಾಗಿಲು ತೆರೆಯಿತು, ನಿಜ. ಆದರೆ ಎಂಜಿನಿಯರುಗಳನ್ನು ಆ ಬಾಗಿಲವರೆಗೆ ಎಳೆದು ತಂದಿದ್ದು ಅವರದೇ ಪೈಪುಗಳು, ಅಣೆಕಟ್ಟುಗಳು, ರಸ್ತೆಗಳು.

ಸ್ವಲ್ಪ ಹಿಂದಕ್ಕೆ ಹೋಗೋಣ. 1840ರ ಫೆಬ್ರುವರಿ 6ರಂದು ವೈಟಾಂಗಿಯಲ್ಲಿ ಬ್ರಿಟಿಷ್ ರಾಣಿಯ ಪ್ರತಿನಿಧಿ ಮತ್ತು ಮಾವೋರಿ ಮುಖಂಡರು ಒಪ್ಪಂದಕ್ಕೆ ಸಹಿ ಹಾಕಿದರು. ನೆಲ, ಕಾಡು, ಮೀನುಗಾರಿಕೆಯ ಹಕ್ಕು ಮಾವೋರಿಗಳ ಕೈಯಲ್ಲೇ ಉಳಿಯುತ್ತದೆ ಎಂದು ಅದರಲ್ಲಿ ಮಾತು ಕೊಡಲಾಗಿತ್ತು. ಮುಂದಿನ ಕೆಲವೇ ದಶಕಗಳಲ್ಲಿ ನೆಲ ಹೋಯಿತು. 1867ರ ನೇಟಿವ್ ಸ್ಕೂಲ್ಸ್ ಕಾಯ್ದೆ ಬಂದಮೇಲೆ ಮಾವೋರಿ ಮಕ್ಕಳ ಶಾಲೆಗಳಲ್ಲಿ ಇಂಗ್ಲಿಷೇ ಪಾಠದ ಭಾಷೆಯಾಯಿತು. ಶಾಲೆಯಲ್ಲಿ ಮನೆಮಾತು ಆಡಿದ್ದಕ್ಕೆ ಏಟು ತಿಂದವರ ನೆನಪುಗಳು 20ನೇ ಶತಮಾನದ ಮಧ್ಯದವರೆಗೂ ಸಿಗುತ್ತವೆ.

ಎಂಜಿನಿಯರಿಂಗ್ ಮಟ್ಟಿಗೆ ಇದಕ್ಕಿಂತ ಕಹಿಯಾದ ಸಂಗತಿ ಇನ್ನೊಂದಿದೆ. ತೆ ಔಟೆ ಎಂಬ ಮಾವೋರಿ ಹುಡುಗರ ಶಾಲೆ ಒಳ್ಳೆಯ ವಿದ್ಯಾರ್ಥಿಗಳನ್ನು ವಿಶ್ವವಿದ್ಯಾಲಯಕ್ಕೆ ಕಳಿಸುತ್ತಿತ್ತು. ಪದವಿ ಪಡೆದ ಮೊದಲ ಮಾವೋರಿ ಆಪಿರಾನ ನಾಟ ಅಲ್ಲಿಯವರೇ. 1906ರ ಸುಮಾರಿಗೆ ಅದೇ ಶಾಲೆಯ ಮೇಲೆ ಶಿಕ್ಷಣ ಅಧಿಕಾರಿಗಳು ಒತ್ತಡ ಹಾಕಿದರು. ಈ ಹುಡುಗರಿಗೆ ಲ್ಯಾಟಿನ್, ರೇಖಾಗಣಿತ ಎಲ್ಲ ಯಾಕೆ, ಬೇಸಾಯ ಕಲಿಸಿ ಎಂದರು. ಶತಮಾನದ ನಡುವಿನಲ್ಲಿ ಹಳ್ಳಿಯಿಂದ ನಗರಕ್ಕೆ ಬಂದ ಮಾವೋರಿ ಯುವಕರಿಗೆ ಸರ್ಕಾರ ತರಬೇತಿ ಕೊಟ್ಟಿತು. ಅದೂ ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಕೆಲಸಕ್ಕೆ. ಕಟ್ಟುವವರಾಗಿ ಬನ್ನಿ, ನಕ್ಷೆ ನಾವು ಹಾಕುತ್ತೇವೆ ಎನ್ನುವ ಧಾಟಿ. ಆ ಕಡೆ ಕ್ಯಾಂಟರ್ಬರಿಯಲ್ಲಿ 1887ರಿಂದಲೇ ಎಂಜಿನಿಯರಿಂಗ್ ಕಾಲೇಜಿತ್ತು. ಪಠ್ಯ, ಪರೀಕ್ಷೆ, ರೂಢಿ ಎಲ್ಲವೂ ಬ್ರಿಟನ್ನಿನದು.

ವಿಚಿತ್ರ ಏನೆಂದರೆ, ಮಾವೋರಿಗಳ ಕಟ್ಟುವ ಜಾಣ್ಮೆಗೆ ಮೊದಲು ಬೆರಗಾದವರು ಬ್ರಿಟಿಷ್ ಸೇನೆಯ ಎಂಜಿನಿಯರುಗಳೇ. 1845ರ ಕೊನೆಗೆ ರುವಾಪೆಕಪೆಕ ಎಂಬ ಕೋಟೆಯನ್ನು ಅವರು ಫಿರಂಗಿಯಿಂದ ದಿನಗಟ್ಟಲೆ ಬಡಿದರು. ಕಾವಿಟಿ ಎಂಬ ಮುಖಂಡ ಕಟ್ಟಿಸಿದ ಕೋಟೆ ಅದು. ಸುತ್ತ ಎರಡು ಸಾಲು ದಪ್ಪ ಮರದ ಕಂಬ, ಒಳಗೆ ಕಂದಕ, ನೆಲದಡಿಯಲ್ಲಿ ಗುಂಡು ತಾಗದ ಕೋಣೆಗಳು. ಮುಂದಿನ ಜನವರಿಯಲ್ಲಿ ಕೋಟೆ ಕೈಗೆ ಬಂದಾಗ ಅವರು ಅದನ್ನು ಅಳೆದು ನಕ್ಷೆ ಬರೆದುಕೊಂಡರು.

1970ರ ದಶಕದಲ್ಲಿ ಗಾಳಿ ಬದಲಾಯಿತು. ಭಾಷೆ ಸಾಯುತ್ತಿದೆ ಎಂದು ಮಾವೋರಿ ಯುವಕರು ಎದ್ದರು. 1972ರ ಸೆಪ್ಟೆಂಬರ್ 14ರಂದು 30,000ಕ್ಕೂ ಹೆಚ್ಚು ಸಹಿಗಳ ಮನವಿ ಸಂಸತ್ತಿಗೆ ಬಂತು. 1975ರಲ್ಲಿ ವೈಟಾಂಗಿ ನ್ಯಾಯಮಂಡಳಿ ಶುರುವಾಯಿತು. 1982ರಲ್ಲಿ ಕೊಹಾಂಗ ರೆಯೊ ಎಂಬ ಮಾವೋರಿ ಮಾತಿನ ಶಿಶುವಿಹಾರಗಳು ಹುಟ್ಟಿದವು. 1987ರಲ್ಲಿ ಮಾವೋರಿ ಅಧಿಕೃತ ಭಾಷೆಯಾಯಿತು. ಈ ಭಾಗವನ್ನು ಬಹಳ ಜನ ಬರೆದಿದ್ದಾರೆ.

ನಮ್ಮ ಕಥೆಗೆ ಬೇಕಾದದ್ದು ನ್ಯಾಯಮಂಡಳಿ. ಅದು ಹೆಚ್ಚಿನ ಪ್ರಕರಣಗಳಲ್ಲಿ ಶಿಫಾರಸು ಮಾತ್ರ ಮಾಡಬಲ್ಲದು, ಹಾಗಾಗಿ ಶುರುವಿನಲ್ಲಿ ಯಾರೂ ಅದನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟಿರಲಿಲ್ಲ. ಅದರ ಮೊದಲ ದೊಡ್ಡ ವರದಿಗಳನ್ನು ತೆಗೆದು ನೋಡಿ. 1983ರದ್ದು ಮೊಟುನುಯಿ ಪ್ರಕರಣ. ನೈಸರ್ಗಿಕ ಅನಿಲದಿಂದ ಪೆಟ್ರೋಲ್ ಮಾಡುವ ಕಾರ್ಖಾನೆಯ ತ್ಯಾಜ್ಯ ಸಮುದ್ರಕ್ಕೆ ಬಿಡುವ ಕೊಳವೆ, ಅದರಿಂದ ತೆ ಆತಿಯಾವ ಕುಲದವರು ಚಿಪ್ಪುಮೀನು ಹಿಡಿಯುವ ಬಂಡೆಗಳು ಹಾಳಾಗುವ ಭಯ. 1984ರದ್ದು ಕೈತುನಾ. 1985ರದ್ದು ಮನುಕೌ ಬಂದರು. ಉಕ್ಕಿನ ಕಾರ್ಖಾನೆ, ಕೊಳಚೆ, ಜೊತೆಗೆ ವೈಕಾಟೊ ನದಿಯ ನೀರು ಬೇರೆ ನೀರಿನ ಜೊತೆ ಬೆರೆಯುತ್ತದೆ ಎಂಬ ಆಕ್ಷೇಪ. ಮೂರೂ ಎಂಜಿನಿಯರಿಂಗ್ ಪ್ರಕರಣಗಳೇ, ಅಲ್ವಾ?

1987ರಲ್ಲಿ ಹೈಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಡೈರಿಯ ತ್ಯಾಜ್ಯವನ್ನು ತೊರೆಗೆ ಬಿಡುವ ಪರವಾನಗಿಯ ಪ್ರಶ್ನೆ ಅದು. ನೀರಿನ ಬಗ್ಗೆ ಮಾವೋರಿಗಳ ನಂಬಿಕೆ ಪರವಾನಗಿ ಕೊಡುವಾಗ ಲೆಕ್ಕಕ್ಕೆ ಬರುವುದಿಲ್ಲ ಎನ್ನುವಂತಿಲ್ಲ, ಅದನ್ನೂ ತೂಗಿ ನೋಡಬೇಕು ಎಂದು ತೀರ್ಪು ಬಂತು. 1991ರ ಸಂಪನ್ಮೂಲ ನಿರ್ವಹಣಾ ಕಾಯ್ದೆ ಇದನ್ನೆಲ್ಲ ಕಾನೂನಿಗೆ ತಂದಿತು. ಮಾವೋರಿಗಳಿಗೂ ಅವರ ನೆಲ, ನೀರಿಗೂ ಇರುವ ನಂಟನ್ನು ಗಮನಿಸಬೇಕು, ಒಪ್ಪಂದದ ತತ್ವಗಳನ್ನು ಪರಿಗಣಿಸಬೇಕು ಎಂದು ಬರೆಯಿತು. ಅಂದರೆ ಸೇತುವೆ ಕಟ್ಟುವವನು, ಚರಂಡಿ ಹಾಕುವವನು ಇನ್ನು ಮಾವೋರಿ ಸಮುದಾಯದ ಮುಂದೆ ಕೂತು ಮಾತಾಡಬೇಕು. ಆದರೆ ಕಾಲೇಜಿನಲ್ಲಿ ಅವನು ಕಲಿತದ್ದು ಬರೀ ಕಾಂಕ್ರೀಟು, ದ್ರವಬಲ, ಕ್ಯಾಲ್ಕುಲಸ್.

ಕಾಲೇಜುಗಳು ಮೊದಲು ಹಿಡಿದಿದ್ದು ಸುಲಭದ ತುದಿಯನ್ನು. ಮಾವೋರಿ ವಿದ್ಯಾರ್ಥಿಗಳನ್ನು ಕರೆತರುವುದು, ಉಳಿಸಿಕೊಳ್ಳುವುದು. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಹಿರಿಯ ವಿದ್ಯಾರ್ಥಿಗಳು ಕಿರಿಯರ ಬೆನ್ನಿಗೆ ನಿಲ್ಲುವ ತುವಾಕನ ಯೋಜನೆ ಬಂತು. ಮಾವೋರಿ ಮತ್ತು ಪೆಸಿಫಿಕ್ ದ್ವೀಪಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಮ್ಮದೇ ಸಂಘ ಕಟ್ಟಿಕೊಂಡರು. 2016ರಲ್ಲಿ ಮ್ಯಾಸಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಪೂಹೊರೊ ಎಂಬ ಯೋಜನೆ ಇನ್ನೂ ಕೆಳಗಿನಿಂದ ಹಿಡಿಯಿತು, ಹೈಸ್ಕೂಲಿನಿಂದಲೇ. 2023ರ ಜನಗಣತಿಯಲ್ಲಿ ಮಾವೋರಿಗಳು ದೇಶದ 17.8 ಶೇಕಡ. ಎಂಜಿನಿಯರುಗಳಲ್ಲಿ ಅವರ ಪಾಲು ಇದರ ಹತ್ತಿರಕ್ಕೂ ಬಂದಿಲ್ಲ.

ಪಾಠದ ಒಳಗೇ ಮಾವೋರಿ ಚಿಂತನೆ ತರುವುದು ಬೇರೆಯೇ ಕೆಲಸ. ಅದರಲ್ಲಿ ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು ಕೇಪ ಮಾರ್ಗನ್ ಅವರ ಕೆಲಸ. ಅವರು ಮಾವೋರಿ, ಸಿವಿಲ್ ಎಂಜಿನಿಯರ್, ಆಕ್ಲೆಂಡಿನಲ್ಲಿ ಪಾಠ ಮಾಡಿದವರು. ಹರಕೆಕೆ ಎಂಬ ನಾರಿನ ಗಿಡದ ಎಳೆಗಳನ್ನು ಮಣ್ಣಿಗೆ ಬೆರೆಸಿ ಗಟ್ಟಿ ಗೋಡೆ ಕಟ್ಟುವ ಮನೆಗಳ ಮೇಲೆ ಕೆಲಸ ಮಾಡಿದರು. ಇನ್ನೊಂದು, ಮೌರಿ ಮಾದರಿ. ಮೌರಿ ಎಂದರೆ ಮಾವೋರಿಗಳ ಪ್ರಕಾರ ನದಿ, ಕಾಡು, ಜನ ಎಲ್ಲದರಲ್ಲೂ ಇರುವ ಜೀವಸತ್ವ. ಒಂದು ಯೋಜನೆಯಿಂದ ಪರಿಸರದ, ಕುಲದ, ಊರಿನ, ಕುಟುಂಬದ ಮೌರಿ ಏನಾಗುತ್ತದೆ? ಪೂರ್ತಿ ನಾಶವಾದರೆ ಮೈನಸ್ 2, ಕುಗ್ಗಿದರೆ ಮೈನಸ್ 1, ಹಾಗೇ ಇದ್ದರೆ ಸೊನ್ನೆ, ಹೆಚ್ಚಿದರೆ 1, ಪೂರ್ತಿ ಮರಳಿ ಬಂದರೆ 2. ಪ್ರತಿ ಸೂಚಕಕ್ಕೂ ಹೀಗೆ ಅಂಕ ಕೊಡಬೇಕು.

ಇದರಲ್ಲಿ ಜಾಣತನ ಎಲ್ಲಿದೆ ಅಂದರೆ, ಹಣಕ್ಕೆ ಇಳಿಸಲಾಗದ್ದನ್ನು ಹಣಕ್ಕೆ ಇಳಿಸುವ ಗೋಜಿಗೇ ಅದು ಹೋಗುವುದಿಲ್ಲ. ಆದರೂ ಎಂಜಿನಿಯರ್ ಕೈಗೆ ಒಂದು ಕೋಷ್ಟಕ ಸಿಗುತ್ತದೆ. ಯಾರ ದೃಷ್ಟಿಗೆ ಎಷ್ಟು ತೂಕ ಕೊಟ್ಟೆವು ಎಂಬುದೂ ಎಲ್ಲರ ಕಣ್ಣಿಗೆ ಬೀಳುತ್ತದೆ. 2011ರ ಅಕ್ಟೋಬರ್ 5ರಂದು ರೇನಾ ಎಂಬ ಸರಕು ಹಡಗು ಬೇ ಆಫ್ ಪ್ಲೆಂಟಿಯ ಬಂಡೆಗೆ ಬಡಿದು ಎಣ್ಣೆ ಚೆಲ್ಲಿತು. ಅದರ ಪರಿಣಾಮ ಅಳೆಯಲು ಈ ಮಾದರಿಯನ್ನು ಬಳಸಿದರು. ಅಂಕ ಕೊಡುವವರ ಮೇಲೆ ಎಲ್ಲ ನಿಂತಿದೆಯಲ್ಲ ಎಂದು ಕೇಳಬಹುದು. ಕೇಳಬೇಕು ಕೂಡ. ಲಾಭ-ವೆಚ್ಚದ ಲೆಕ್ಕಕ್ಕೂ ಅದೇ ಪ್ರಶ್ನೆ ಕೇಳಿದರೆ ನ್ಯಾಯ.

ಇಂಥ ಚಿಂತನೆಗೆ ಮೂಗು ಮುರಿಯುವವರಿಗೆ ಸಿಗುವ ಮೊದಲ ಉದಾಹರಣೆ ತನಿಫಾ. ನೀರಿನಲ್ಲಿರುವ ಒಂದು ಬಗೆಯ ಕಾವಲು ಜೀವಿ ಅದು. ಹಲ್ಲಿಯಂತೆ, ಶಾರ್ಕಿನಂತೆ ಹಲವು ರೂಪ. 2002ರಲ್ಲಿ ಮೆರೆಮೆರೆ ಹತ್ತಿರ ಹೆದ್ದಾರಿ ಕೆಲಸ ನಡೆದಾಗ ಅಲ್ಲಿನ ಜೌಗು ನೆಲದಲ್ಲಿ ತನಿಫಾ ಇದೆ ಎಂದು ನಾಟಿ ನಾಹೊ ಕುಲದವರು ಹೇಳಿದರು. ಕೆಲಸ ನಿಂತಿತು, ವಿನ್ಯಾಸ ಸ್ವಲ್ಪ ಬದಲಾಯಿತು. ದೇಶವಿಡೀ ನಕ್ಕಿತು, ಬೈಯಿತು.

ಮೂರು ವರ್ಷದ ನಂತರ ಮತತಾ ಎಂಬ ಕರಾವಳಿ ಊರಿನಲ್ಲಿ ನಡೆದದ್ದನ್ನೂ ಇದರ ಪಕ್ಕ ಇಡಬೇಕು. 2005ರ ಮೇ 18ರಂದು ಜೋರು ಮಳೆಗೆ ಬೆಟ್ಟದಿಂದ ಕಲ್ಲು, ಮಣ್ಣು, ಮರ ಉರುಳಿ ಬಂದು 27 ಮನೆ ನೆಲಸಮವಾದವು. ಅಲ್ಲಿನ ವೈತೆಪುರು ತೊರೆಯ ಬಗ್ಗೆ ಮಾವೋರಿಗಳಲ್ಲಿ ಹಳೆಯ ಕಥೆಯಿತ್ತು. ತೊರೆಯೇ ಒಂದು ದೊಡ್ಡ ಹಲ್ಲಿ, ತಲೆ ಬೆಟ್ಟದಲ್ಲಿ, ಬಾಲ ಕೆಳಗೆ ಬಯಲಿನಲ್ಲಿ. ಅದು ಆಗಾಗ ಬಾಲ ಬೀಸುತ್ತದೆ, ಬಾಲ ಬೀಸುವ ಜಾಗದಲ್ಲಿ ಮನೆ ಕಟ್ಟಬೇಡಿ. ಅವರ ಸಭಾಮನೆಗಳಾದ ಮರಾಯೆಗಳಿಗೆ ಏನೂ ಆಗಲಿಲ್ಲ. ತೊರೆಯ ಪಾತ್ರ ಮತ್ತೆ ಮತ್ತೆ ಪಕ್ಕಕ್ಕೆ ಸರಿಯುವುದನ್ನು ಭೂವಿಜ್ಞಾನ ಬೇರೆ ಮಾತಿನಲ್ಲಿ ಹೇಳುತ್ತದೆ. ಭೂವಿಜ್ಞಾನಿ ಡ್ಯಾನ್ ಹಿಕುರೋವಾ ಇದನ್ನು ಬರೆದಮೇಲೆ ಪಾಠಕ್ಕೆ ಒಳ್ಳೆಯ ಸಾಮಗ್ರಿ ಸಿಕ್ಕಿತು. ಹಾಗಂತ ಎಲ್ಲ ತನಿಫಾ ಕಥೆಯೂ ಪ್ರವಾಹದ ನಕ್ಷೆ ಎಂದುಕೊಂಡರೆ ಅದೂ ತಪ್ಪು. ಕೆಲವು ಕಥೆಗಳು ಸುಮ್ನೆ ನೆಲದ ಮೇಲಿನ ಗೌರವದ ಕಥೆಗಳು. ವಿಜ್ಞಾನದ ಸರ್ಟಿಫಿಕೇಟ್ ಸಿಕ್ಕರೆ ಮಾತ್ರ ಕೇಳುತ್ತೇವೆ ಎನ್ನುವುದು ಕೇಳಿದ ಹಾಗಲ್ಲ.

2011ರ ಫೆಬ್ರುವರಿ 22ರ ಭೂಕಂಪದಲ್ಲಿ ಕ್ರೈಸ್ಟ್‌ಚರ್ಚ್ ನಗರ ಕುಸಿಯಿತು, 185 ಜನ ಸತ್ತರು. ಮರುನಿರ್ಮಾಣದಲ್ಲಿ ನಾಯ್ ತಾಹು ಕುಲಕ್ಕೆ ಕಾನೂನಿನಲ್ಲೇ ಪಾತ್ರ ಸಿಕ್ಕಿತು. ಅದೇ ನಗರದ ಕ್ಯಾಂಟರ್ಬರಿ ವಿಶ್ವವಿದ್ಯಾಲಯ ತನ್ನ ಪದವೀಧರರಿಗೆ ಇರಬೇಕಾದ ಗುಣಗಳ ಪಟ್ಟಿಯಲ್ಲಿ ಎರಡು ಸಂಸ್ಕೃತಿಗಳ ನಡುವೆ ಕೆಲಸ ಮಾಡುವ ಅರಿವನ್ನೂ ಸೇರಿಸಿತು. ಎಂಜಿನಿಯರಿಂಗ್ ಓದುವವರಿಗೂ ಅದು ಅನ್ವಯ. ಆಕ್ಲೆಂಡಿನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಮಾವೋರಿ ಸಭಾಮನೆಯ ಮರದ ಕಮಾನುಗಳನ್ನು ಹಗ್ಗದಿಂದ ಎಳೆದು ಬಿಗಿಯುವ ಮೀಮಿರೊ ಎಂಬ ಹಳೆಯ ವಿಧಾನ ಮರೆಯಾಗಿತ್ತು. ಸಂಶೋಧಕರು ಪೂರ್ಣ ಗಾತ್ರದಲ್ಲಿ ಅದನ್ನು ಕಟ್ಟಿ, ಭೂಕಂಪದ ಅಲುಗಾಟ ಕೊಟ್ಟು ಪರೀಕ್ಷಿಸಿದರು, ಕಟ್ಟಡ ತಡೆಯಿತು. ಕಾಂಕ್ರೀಟನ್ನು ಎಳೆದ ತಂತಿಯಿಂದ ಬಿಗಿಯುವುದನ್ನು ಓದಿದ ವಿದ್ಯಾರ್ಥಿಗೆ ಇದು ತಕ್ಷಣ ಅರ್ಥವಾಗುತ್ತದೆ. ಭಾಷಣಕ್ಕಿಂತ ಇಂಥ ಪಾಠ ಒಳಗೆ ಇಳಿಯುತ್ತದೆ ಎಂಬುದು ನನ್ನ ಅನಿಸಿಕೆ.

ಇಲ್ಲಿ ನಮ್ಮ ಊರಿನ ನಂಟೂ ಒಂದಿದೆ. 1989ರಲ್ಲಿ ಆರು ದೇಶಗಳು ಪರಸ್ಪರರ ಎಂಜಿನಿಯರಿಂಗ್ ಪದವಿಗಳಿಗೆ ಬೆಲೆ ಕೊಡಲು ವಾಷಿಂಗ್ಟನ್ ಅಕಾರ್ಡ್ ಮಾಡಿಕೊಂಡವು. ನ್ಯೂಜಿಲೆಂಡ್ ಆ ಆರರಲ್ಲಿ ಒಂದು. ಎಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಭಾರತದ ಎನ್‌ಬಿಎ 2014ರಲ್ಲಿ ಪೂರ್ಣ ಸದಸ್ಯತ್ವ ಪಡೆಯಿತು. ಬೆಂಗಳೂರು, ಮೈಸೂರಿನ ಕಾಲೇಜುಗಳು ಎನ್‌ಬಿಎ ಮಾನ್ಯತೆಗೆ ಓಡಾಡುವುದರ ಹಿಂದೆ ಇದೂ ಇದೆ. 2021ರಲ್ಲಿ ಅಕಾರ್ಡಿನ ಮಾನದಂಡ ಪರಿಷ್ಕರಣೆಯಾದಾಗ ಸಂಸ್ಕೃತಿ ಮತ್ತು ಭಾಷೆಯ ವ್ಯತ್ಯಾಸ ಗಮನಿಸಿ ಮಾತಾಡುವುದು, ವೈವಿಧ್ಯದ ಅಗತ್ಯ ತಿಳಿದಿರುವುದು ಪದವೀಧರನ ಗುಣಗಳಲ್ಲಿ ಸೇರಿದವು. ಅದನ್ನು ಹೇಗೆ ಕಲಿಸಬೇಕು ಎಂಬುದು ಆಯಾ ದೇಶಕ್ಕೆ ಬಿಟ್ಟದ್ದು. ನಮ್ಮ ವಿಟಿಯುನಲ್ಲಿ ಸಾಂಸ್ಕೃತಿಕ ಕನ್ನಡ, ಬಳಕೆ ಕನ್ನಡ ಎಂದು ಒಂದು ಕ್ರೆಡಿಟ್ಟಿನ ವಿಷಯಗಳಿವೆ. ಒಳ್ಳೆಯದೇ. ಆದರೆ ಅವು ನೀರಾವರಿ ಅಥವಾ ರಸ್ತೆಯ ಪಾಠದ ಪಕ್ಕದಲ್ಲಿ ಕೂತಿವೆ, ಒಳಗಲ್ಲ.

ನ್ಯೂಜಿಲೆಂಡಿನಲ್ಲೂ ಎಲ್ಲ ಒಳಗೆ ಹೋಗಿದೆ ಎಂದೇನಲ್ಲ. ಮೊದಲ ಸ್ಲೈಡಿನಲ್ಲಿ ‘ಕಿಯಾ ಓರ’ ಎಂಬ ಮಾವೋರಿ ನಮಸ್ಕಾರ ಹಾಕಿ ಮುಗಿಸುವ ಪಾಠಗಳೂ ಉಂಟು. ಮಾವೋರಿ ಅಧ್ಯಾಪಕರು ಬೆರಳೆಣಿಕೆ. ಪ್ರತಿ ಸಮಿತಿಗೂ, ಪ್ರತಿ ಸಮಾರಂಭಕ್ಕೂ ಅವರೇ ಬೇಕು, ಅವರ ಸಂಶೋಧನೆಗೆ ಸಮಯ ಎಲ್ಲಿಂದ ಬರಬೇಕು? ವಿರೋಧವೂ ಇದೆ. 2021ರ ಜುಲೈನಲ್ಲಿ ಆಕ್ಲೆಂಡಿನ ಏಳು ಪ್ರಾಧ್ಯಾಪಕರು ಒಂದು ಪತ್ರಿಕೆಗೆ ಬರೆದರು. ಮಾವೋರಿ ಜ್ಞಾನ ಸಂಸ್ಕೃತಿಯಾಗಿ ಮುಖ್ಯ, ಆದರೆ ಅದು ವಿಜ್ಞಾನವಲ್ಲ ಎಂದರು. ದೊಡ್ಡ ಜಗಳವೇ ಆಯಿತು. ಎರಡೂ ಕಡೆ ಕೂಗು ಹೆಚ್ಚಾಗಿ, ಯಾವ ಪಾಠದಲ್ಲಿ ಯಾವುದನ್ನು ಎಷ್ಟು ಕಲಿಸಬೇಕು ಎಂಬ ಕೆಲಸದ ಪ್ರಶ್ನೆ ಬದಿಗೆ ಹೋಯಿತು.

2025ರಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯ ಎಲ್ಲ ಹೊಸ ವಿದ್ಯಾರ್ಥಿಗಳಿಗೂ ಒಪ್ಪಂದ, ನೆಲ, ಮಾವೋರಿ ಜ್ಞಾನದ ಬಗ್ಗೆ ಒಂದು ಕಡ್ಡಾಯ ಕೋರ್ಸ್ ತಂದಿತು. ಅದೇ ವರ್ಷ ಅದರ ಸೆನೆಟ್, ಕೋರ್ಸ್ ಐಚ್ಛಿಕವಾಗಲಿ ಎಂದು ಮತ ಹಾಕಿತು. ಸರ್ಕಾರದ ನೀತಿಯೂ ತಿರುಗುತ್ತಿದೆ. ನೀರಿನ ಆರೋಗ್ಯ ಮೊದಲು, ಜನರ ಕುಡಿಯುವ ನೀರು ಆಮೇಲೆ, ಉಳಿದ ಬಳಕೆ ಕೊನೆಗೆ ಎಂದು 2020ರ ನೀತಿ ಹೇಳಿತ್ತು. ಪರವಾನಗಿ ಕೊಡುವಾಗ ಆ ಅನುಕ್ರಮ ಬೇಡ ಎಂದು 2024ರಲ್ಲಿ ಕಾನೂನು ತಿದ್ದಿದರು. ಒಪ್ಪಂದದ ತತ್ವಗಳನ್ನೇ ಹೊಸದಾಗಿ ಬರೆಯಲು ಹೊರಟ ಮಸೂದೆ ಮಾತ್ರ 2025ರ ಏಪ್ರಿಲ್‌ನಲ್ಲಿ 112–11 ಮತಗಳಿಂದ ಬಿದ್ದುಹೋಯಿತು.

ಕೋರ್ಸ್ ಐಚ್ಛಿಕವಾಗಬಹುದು, ನದಿಗಳ ಕಾನೂನು ಹಾಗಲ್ಲ. 1970ರ ದಶಕದಲ್ಲಿ ಫಾಂಗನುಯಿ ನದಿಯ ಮೇಲ್ತಲೆಯ ನೀರನ್ನು ವಿದ್ಯುತ್ ಯೋಜನೆಗೆ ತಿರುಗಿಸಿದಾಗ ದಡದ ಜನರ ಮಾತು ಯಾರಿಗೂ ಬೇಕಿರಲಿಲ್ಲ. 2017ರ ಕಾಯ್ದೆ ಅದೇ ನದಿಯನ್ನು ಬೆಟ್ಟದಿಂದ ಸಮುದ್ರದವರೆಗೆ ಒಂದೇ ಜೀವ ಎಂದು, ಕಾನೂನಿನ ಕಣ್ಣಿನಲ್ಲಿ ಒಬ್ಬ ವ್ಯಕ್ತಿ ಎಂದು ಒಪ್ಪಿತು. ವೈಕಾಟೊ ನದಿಗೂ 2010ರಿಂದ ಪ್ರತ್ಯೇಕ ಕಾನೂನಿದೆ. ನದಿಯನ್ನು ಮತ್ತೆ ಚೆನ್ನಾಗಿಸುವ ಗುರಿಗೆ ಆ ಪ್ರದೇಶದ ಯೋಜನೆಗಳೆಲ್ಲ ಹೊಂದಿಕೊಳ್ಳಬೇಕು. ಆ ನದಿಯ ದಡದ ಹ್ಯಾಮಿಲ್ಟನ್ ನಗರದಲ್ಲಿ ಕೆಲಸಕ್ಕೆ ಸೇರುವ ಹೊಸ ಎಂಜಿನಿಯರ್, ಅವನು ಆಕ್ಲೆಂಡಿನಿಂದ ಬಂದಿರಲಿ ಬೆಂಗಳೂರಿನಿಂದ ಬಂದಿರಲಿ, ಮಳೆನೀರಿನ ಚರಂಡಿಯ ಮೊದಲ ನಕ್ಷೆ ಹಾಕುವಾಗಲೇ ಆ ಕಾನೂನನ್ನು ಓದಬೇಕಾಗುತ್ತದೆ.