‘ಪಾಯಿಂಟ್ ಒನ್’ ಅಂದರೆ ಬಾಕ್ಸ್ ಅಲ್ಲ

ಕಳೆದ ವಾರ ದಾವಣಗೆರೆಯಿಂದ ನಮ್ಮ ಭಾವ ಫೋನ್ ಮಾಡಿದ್ದರು. “ಪಾಯಿಂಟ್ ಒನ್ ಕೆಟ್ಟುಹೋಗಿದೆ ಕಣಯ್ಯಾ. ತಂದು ಮೂರು ತಿಂಗಳೂ ಆಗಿಲ್ಲ.” ಏನು ಹಾಕಿಕೊಂಡು ಕೇಳ್ತಿದ್ದೀರಿ ಭಾವ ಅಂದೆ. ಯೂಟ್ಯೂಬಿನಲ್ಲಿ ಒಂದು ಕರ್ನಾಟಕ ಸಂಗೀತ ಕಚೇರಿಯಂತೆ. ಮೃದಂಗದ ಎಡಭಾಗದ ಗುಂಕಾರ ಎಲ್ಲೂ ಕೇಳುತ್ತಿಲ್ಲ, ಮೂಲೆಯಲ್ಲಿರುವ ದೊಡ್ಡ ಬಾಕ್ಸ್ ಸುಮ್ಮನೆ ಕೂತಿದೆ, ಆದ್ದರಿಂದ ಪಾಯಿಂಟ್ ಒನ್ ಸತ್ತಿದೆ ಎಂಬುದು ಅವರ ತೀರ್ಮಾನ. ಬಾಕ್ಸ್ ಕೆಟ್ಟಿರಲಿಲ್ಲ. ಕೆಟ್ಟಿದ್ದರೂ ಅದರ ಹೆಸರು ಪಾಯಿಂಟ್ ಒನ್ ಅಲ್ಲ. ಅವರು ಕೇಳುತ್ತಿದ್ದ ಕಚೇರಿಯಲ್ಲಿ ಪಾಯಿಂಟ್ ಒನ್ ಎಂಬುದೇ ಇರಲಿಲ್ಲ.

ತಪ್ಪು ಭಾವನದಲ್ಲ. ಸ್ಪೀಕರ್ ಮಾರುವವರೇ ಹಾಗೆ ಹೇಳಿ ಮಾರುತ್ತಾರೆ. ಎಸ್‌.ಪಿ. ರೋಡಿನ ಒಂದು ಅಂಗಡಿಯಲ್ಲಿ “ಪಾಯಿಂಟ್ ಒನ್ ಎಂಟು ಇಂಚಿಂದು ಕೊಡ್ಲಾ, ಹತ್ತು ಇಂಚಿಂದಾ?” ಎಂದು ನನ್ನನ್ನೇ ಕೇಳಿದ್ದಾರೆ. ಪೆಟ್ಟಿಗೆಯ ಮೇಲೆ ‘5.1’ ಎಂದು ಅಚ್ಚಾಗಿರುವುದೂ ಅದೇ ಅರ್ಥದಲ್ಲಿ; ಅದರ ಕೊನೆಯ ‘.1’ ಈ ಪಾಯಿಂಟ್ ಒನ್. ಕೇಳಿ ಕೇಳಿ ಸಾಕಾಗಿದೆ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟೋ ಮನೆಗಳಲ್ಲಿ ಒಳ್ಳೆಯ ರಿಸೀವರ್ (ಶಬ್ದದ ಸಂಕೇತ ಪಡೆದು ಸ್ಪೀಕರ್‌ಗಳಿಗೆ ಹಂಚುವ ಯಂತ್ರ), ಒಳ್ಳೆಯ ಸ್ಪೀಕರ್ ಇದ್ದೂ ಶಬ್ದ ಮಾತ್ರ ಹಾಳಾಗಿದೆ. ಆದ್ದರಿಂದ ಇವತ್ತು ಈ ಪದದ ಮೇಲೆಯೇ ಬರೆಯುತ್ತೇನೆ.

5.1 ಎನ್ನುವುದು ಮೂಲದಲ್ಲಿ ಸ್ಪೀಕರ್‌ಗಳ ಎಣಿಕೆಯಲ್ಲ, ಧ್ವನಿಮುದ್ರಣದೊಳಗಿನ ಚಾನೆಲ್‌ಗಳ, ಅಂದರೆ ಬೇರೆಬೇರೆಯಾಗಿ ಸಾಗುವ ಧ್ವನಿಯ ಎಳೆಗಳ, ಎಣಿಕೆ. ಮುಂದೆ ಎಡ, ನಡು, ಬಲ. ಪಕ್ಕದಲ್ಲಿ ಅಥವಾ ಹಿಂದೆ ಎಡ, ಬಲ. ಇವು ಐದೂ ಪೂರ್ಣ ಚಾನೆಲ್‌ಗಳು, ಅಂದರೆ ಕಿವಿಗೆ ಕೇಳುವ 20ರಿಂದ 20,000 ಹರ್ಟ್ಜ್‌ವರೆಗಿನ ಎಲ್ಲವನ್ನೂ ಹೊರಬಲ್ಲವು (ಹರ್ಟ್ಜ್ ಎಂದರೆ ಸೆಕೆಂಡಿಗೆ ಇಷ್ಟು ಕಂಪನ ಎಂಬ ಅಳತೆ; ಸಂಖ್ಯೆ ಕಡಿಮೆಯಾದಷ್ಟೂ ದನಿ ತಗ್ಗು). ಆರನೆಯದು ಹಾಗಲ್ಲ. ಅದರಲ್ಲಿ ಸುಮಾರು 120 ಹರ್ಟ್ಜ್‌ವರೆಗಿನ ತಗ್ಗಿನ ಶಬ್ದ ಮಾತ್ರ ಹೋಗುತ್ತದೆ. ಅದಕ್ಕೆ ಎಲ್‌ಎಫ್‌ಇ ಎಂದು ಹೆಸರು: ಲೋ ಫ್ರೀಕ್ವೆನ್ಸಿ ಎಫೆಕ್ಟ್ಸ್. ಕೊನೆಯ ಪದವನ್ನು ಎಲ್ಲರೂ ನುಂಗಿಬಿಡುತ್ತಾರೆ. ಎಫೆಕ್ಟ್ಸ್, ಅಂದರೆ ಸ್ಫೋಟ, ಭೂಕಂಪ, ಹೆಲಿಕಾಪ್ಟರು. ಸಿನಿಮಾದ ಧ್ವನಿ ಸಂಯೋಜಕ ಬೇಕೆಂದಾಗ ಬಳಸಲು ಇಟ್ಟ ಹೆಚ್ಚುವರಿ ಜಾಗ ಅದು. ಬೇಡವೆಂದರೆ ಖಾಲಿ ಬಿಡಬಹುದು. ಸಂಗೀತದ 5.1 ಮುದ್ರಣಗಳಲ್ಲಿ ಅದನ್ನು ಖಾಲಿ ಬಿಡುವವರೂ ಇದ್ದಾರೆ.

ಇನ್ನು ಆ ಚುಕ್ಕೆಯ ವಿಷಯ. ಅದು ದಶಮಾಂಶವೇ? ಹುಟ್ಟಿದ್ದು ದಶಮಾಂಶವಾಗಿಯೇ. 1987ರಲ್ಲಿ ಅಮೆರಿಕದ ಎಸ್‌ಎಂಪಿಟಿಇ, ಅಂದರೆ ಸಿನಿಮಾ ಮತ್ತು ಟೆಲಿವಿಷನ್ ಎಂಜಿನಿಯರ್‌ಗಳ ಸಂಘದಲ್ಲಿ, ಫಿಲ್ಮಿನ ಮೇಲೆ ಡಿಜಿಟಲ್ ಧ್ವನಿ ಬಂದರೆ ಎಷ್ಟು ಚಾನೆಲ್ ಇರಬೇಕೆಂಬ ಚರ್ಚೆ ನಡೆದಿತ್ತು. ಒಬ್ಬೊಬ್ಬರದು ಒಂದೊಂದು ಸಂಖ್ಯೆ. ಆಗ ‘ಐದು ಪಾಯಿಂಟ್ ಒಂದು’ ಎಂದವರು ಟಾಮ್ಲಿನ್ಸನ್ ಹೋಲ್ಮನ್. ಟಿಎಚ್‌ಎಕ್ಸ್ ಎಂಬ ಗುರುತನ್ನು ಚಿತ್ರಮಂದಿರದ ಪರದೆಯ ಮೇಲೆ ನೋಡಿದ್ದೀರಲ್ಲ, ಅದರ ಹಿಂದಿನ ವ್ಯಕ್ತಿ ಇವರೇ. ಆರನೆಯ ಚಾನೆಲ್ ಹೊರುವುದು ಪೂರ್ಣ ಚಾನೆಲ್ಲಿನ ಒಂದು ಚೂರನ್ನು ಮಾತ್ರ, ಆದ್ದರಿಂದ ಅದನ್ನು ಇಡೀ ಒಂದೆಂದು ಎಣಿಸುವುದು ಬೇಡ ಎಂಬುದು ಲೆಕ್ಕಾಚಾರ. ನಿಜಕ್ಕೂ ಲೆಕ್ಕ ಹಾಕಿದರೆ 120ನ್ನು 20,000ದಿಂದ ಭಾಗಿಸಿ ಬರುವುದು 0.006. ಹತ್ತರಲ್ಲಿ ಒಂದು ಭಾಗ ಹೋಗಲಿ, ನೂರರಲ್ಲಿ ಒಂದು ಭಾಗವೂ ಅಲ್ಲ. ಆದರೆ ‘ಐದು ಪಾಯಿಂಟ್ ಸೊನ್ನೆ ಸೊನ್ನೆ ಆರು’ ಎಂದು ಯಾರ ಬಾಯಲ್ಲೂ ನಿಲ್ಲುವುದಿಲ್ಲ. 5.1 ನಿಂತಿತು.

ಅಷ್ಟು ಚಿಕ್ಕ ಚೂರಿಗೆ ಪ್ರತ್ಯೇಕ ಚಾನೆಲ್ ಯಾಕೆ ಬೇಕಿತ್ತು ಎಂಬುದು ಇನ್ನೂ ಹಳೆಯ ಕಥೆ. 70 ಎಂಎಂ ಫಿಲ್ಮಿನ ಅಂಚಿನಲ್ಲಿ ಆರು ಕಾಂತೀಯ ಪಟ್ಟಿಗಳಿರುತ್ತಿದ್ದವು. ಐದು ಪರದೆಯ ಹಿಂದಿನ ಸ್ಪೀಕರ್‌ಗಳಿಗೆ, ಒಂದು ಸಭಾಂಗಣದ ಸುತ್ತಲಿನವಕ್ಕೆ. 1977ರಲ್ಲಿ ಸ್ಟಾರ್ ವಾರ್ಸ್‌ನ 70 ಎಂಎಂ ಪ್ರತಿಗಳಿಗೆ ಧ್ವನಿ ತಂತ್ರಜ್ಞಾನದ ಕಂಪನಿಯಾದ ಡಾಲ್ಬಿಯವರು ಆ ಐದರಲ್ಲಿ ಎರಡನ್ನು ತಗ್ಗಿನ ಶಬ್ದಕ್ಕೇ ಮೀಸಲಿಟ್ಟರು. ಉದ್ಯಮದವರು ಅದಕ್ಕೆ ಇಟ್ಟ ಅಡ್ಡಹೆಸರು ‘ಬೇಬಿ ಬೂಮ್’. ಕಾರಣ ಸರಳ. ತಗ್ಗಿನ ಶಬ್ದಕ್ಕೆ ನಮ್ಮ ಕಿವಿ ಮಂದ. ಮಾತಿನಷ್ಟೇ ಜೋರಾಗಿ ಕೇಳಬೇಕಾದರೆ ಅದನ್ನು ಎಷ್ಟೋ ಪಟ್ಟು ಹೆಚ್ಚು ಬಲದಿಂದ ನುಡಿಸಬೇಕು. ಅಷ್ಟು ಬಲವನ್ನು ಮಾತು, ಸಂಗೀತ ಹೋಗುವ ಪಟ್ಟಿಯಲ್ಲೇ ತುರುಕಿದರೆ ಉಳಿದದ್ದಕ್ಕೆ ಜಾಗವಿರುವುದಿಲ್ಲ. ಇವತ್ತಿಗೂ ಎಲ್‌ಎಫ್‌ಇ ಚಾನೆಲ್ಲಿಗೆ ಉಳಿದ ಚಾನೆಲ್‌ಗಳಿಗಿಂತ 10 ಡೆಸಿಬೆಲ್ ಹೆಚ್ಚಿನ ಅವಕಾಶ ಇರುವುದು ಇದಕ್ಕೇ. ಹತ್ತು ಡೆಸಿಬೆಲ್ ಎಂದರೆ ಹತ್ತು ಪಟ್ಟು ಶಕ್ತಿ.

ಇಷ್ಟು ಗೊತ್ತಾದ ಮೇಲೆ ‘2.1’ ಎಂಬ ಹಣೆಪಟ್ಟಿಯನ್ನು ನೋಡಿ. ಸ್ಟೀರಿಯೊದಲ್ಲಿ ಇರುವುದು ಎರಡೇ ಚಾನೆಲ್. ಅಲ್ಲಿ ಎಲ್‌ಎಫ್‌ಇ ಎಂಬುದಿಲ್ಲ, ಹಾಡಿನಲ್ಲೂ ಇಲ್ಲ, ಧಾರಾವಾಹಿಯಲ್ಲೂ ಇಲ್ಲ. ಎರಡು ಚಿಕ್ಕ ಸ್ಪೀಕರ್ ಜೊತೆಗೆ ತಗ್ಗಿನ ಶಬ್ದ ನುಡಿಸುವ ಒಂದು ಸಬ್‌ವೂಫರ್ ಕೊಟ್ಟಿದ್ದೇವೆ ಎಂದು ಹೇಳಲು 5.1ರಿಂದ ಚುಕ್ಕೆಯನ್ನು ಎರವಲು ತಂದಿದ್ದಾರೆ, ಅಷ್ಟೆ. ಇನ್ನೂ ಒಂದು ಮಾತು: 5.1 ಸಿನಿಮಾವನ್ನು ಎರಡು ಚಾನೆಲ್ಲಿಗೆ ಇಳಿಸುವಾಗ ಡಾಲ್ಬಿ ಡಿಕೋಡರ್‌ಗಳು (ಧ್ವನಿಯ ಸಂಕೇತವನ್ನು ಬಿಡಿಸುವ ಭಾಗಗಳು) ಸಾಮಾನ್ಯವಾಗಿ ಎಲ್‌ಎಫ್‌ಇಯನ್ನು ಕೈಬಿಡುತ್ತವೆ. ಟಿವಿಯ ಹೆಡ್‌ಫೋನ್ ತೂತಿಗೆ 2.1 ಸಿಕ್ಕಿಸಿ ಪಾಯಿಂಟ್ ಒನ್ ಕೇಳುತ್ತಿದ್ದೇನೆ ಅಂದುಕೊಂಡವರಿಗೆ ಕೇಳದೆ ಇರುವುದು ಅದೊಂದೇ.

7.2 ಕೂಡ ಹಾಗೆಯೇ. ನಮ್ಮ ಮನೆಗೆ ಬರುವ ಯಾವ ಸಿನಿಮಾದಲ್ಲೂ ಎರಡು ಎಲ್‌ಎಫ್‌ಇ ಇಲ್ಲ. ರಿಸೀವರಿನ ಹಿಂದೆ ಸಬ್‌ವೂಫರಿಗೆ ಎರಡು ತೂತು ಇವೆ ಎಂದಷ್ಟೇ ಅದರ ಅರ್ಥ. ಹಲವು ರಿಸೀವರ್‌ಗಳಲ್ಲಿ ಎರಡರಿಂದಲೂ ಬರುವುದು ಒಂದೇ ಸಂಕೇತ. ಎರಡು ಎಲ್‌ಎಫ್‌ಇ ನಿಜಕ್ಕೂ ಇರುವುದು ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ 22.2 ಪದ್ಧತಿಯಲ್ಲಿ. ಇನ್ನು 2014ರಲ್ಲಿ ಡಾಲ್ಬಿ ಅಟ್ಮಾಸ್ ಮನೆಗಳಿಗೆ ಬಂದ ಮೇಲೆ 5.1.2 ಎಂದು ಬರೆಯತೊಡಗಿದರು. ಕೊನೆಯ ಎರಡು ಎಂದರೆ ಮೇಲಿನಿಂದ ನುಡಿಯುವ ಸ್ಪೀಕರ್‌ಗಳು. ಎರಡು ಚುಕ್ಕೆ ಇರುವ ಸಂಖ್ಯೆ ಯಾವ ಗಣಿತದಲ್ಲೂ ಇಲ್ಲ. ಅಲ್ಲಿಗೆ ಹೋಲ್ಮನ್ನರ ದಶಮಾಂಶ ಬರಿಯ ಚುಕ್ಕೆಯಾಯಿತು.

ಹಾಗಾದರೆ ಮೂಲೆಯ ಬಾಕ್ಸ್? ಅದರ ಹೆಸರು ಸಬ್‌ವೂಫರ್. ಇಂಗ್ಲಿಷಿನಲ್ಲಿ ‘ವೂಫ್’ ಎಂದರೆ ದೊಡ್ಡ ನಾಯಿಯ ಗಡಸು ಬೊಗಳು, ‘ಟ್ವೀಟ್’ ಎಂದರೆ ಹಕ್ಕಿಯ ಚಿಲಿಪಿಲಿ. ಸ್ಪೀಕರಿನೊಳಗೆ ತಗ್ಗನ್ನು ನುಡಿಸುವುದು ವೂಫರ್, ಎತ್ತರವನ್ನು ನುಡಿಸುವುದು ಟ್ವೀಟರ್. ವೂಫರಿಗಿಂತ ಕೆಳಗಿನದು ಸಬ್‌ವೂಫರ್. ನಾವು ಆಟೋದಿಂದ ಹಿಡಿದು ಆರ್ಕೆಸ್ಟ್ರಾದವರೆಗೆ ಎಲ್ಲಕ್ಕೂ ‘ವೂಫರ್’ ಅನ್ನುತ್ತೇವೆ. ಅದಕ್ಕೆ ನನ್ನ ತಕರಾರಿಲ್ಲ, ಅರ್ಥ ಕೆಡುವುದಿಲ್ಲ.

ಆದರೆ ಈ ಬಾಕ್ಸಿಗೆ ಎರಡು ಕೆಲಸ ಇವೆ ಎಂಬುದು ಗೊತ್ತಿರಬೇಕು. ಒಂದು, ಎಲ್‌ಎಫ್‌ಇ ಬಂದರೆ ಅದನ್ನು ನುಡಿಸುವುದು. ಇನ್ನೊಂದು, ನನ್ನ ಲೆಕ್ಕದಲ್ಲಿ ದಿನವೂ ನಡೆಯುವ ದೊಡ್ಡ ಕೆಲಸ: ಉಳಿದ ಸ್ಪೀಕರ್‌ಗಳು ನುಡಿಸಲಾರದ ತಗ್ಗನ್ನು ಅವುಗಳಿಂದ ತೆಗೆದುಕೊಂಡು ತಾನು ನುಡಿಸುವುದು. ಇದನ್ನು ಮಾಡಿಸುವುದು ರಿಸೀವರ್. ಮಾಡಿಸುವಂತೆ ಹೇಳಬೇಕಾದವರು ನೀವು. ಸೆಟ್ಟಿಂಗಿನಲ್ಲಿ ಪ್ರತಿ ಸ್ಪೀಕರಿಗೂ ‘ಲಾರ್ಜ್’, ‘ಸ್ಮಾಲ್’ ಎಂಬ ಎರಡು ಆಯ್ಕೆ ಇರುತ್ತವೆ. ಇಷ್ಟು ದುಡ್ಡು ಕೊಟ್ಟು ತಂದ ಸ್ಪೀಕರನ್ನು ಚಿಕ್ಕದು ಅನ್ನುವುದು ಹೇಗೆ ಎಂದು ಜನ ಲಾರ್ಜ್ ಒತ್ತುತ್ತಾರೆ. ಅದು ಅಳತೆಯ ಮಾತಲ್ಲ. ಸ್ಮಾಲ್ ಎಂದರೆ ‘ಇದರ ತಗ್ಗನ್ನು ಸಬ್‌ವೂಫರಿಗೆ ಕಳಿಸು’, ಲಾರ್ಜ್ ಎಂದರೆ ‘ಕಳಿಸಬೇಡ’. ಆಳೆತ್ತರದ ಟವರ್ ಸ್ಪೀಕರ್ ಇದ್ದರೂ ನಾನು ಸ್ಮಾಲ್ ಎಂದೇ ಇಡುತ್ತೇನೆ.

ಎಲ್ಲಿಂದ ಕೆಳಗಿನದನ್ನು ಕಳಿಸಬೇಕು ಎಂಬ ಗೆರೆಯೇ ಕ್ರಾಸ್‌ಓವರ್. ಬಹುತೇಕ ಮನೆಗಳಿಗೆ 80 ಹರ್ಟ್ಜ್ ಒಳ್ಳೆಯದು. ಅದಕ್ಕಿಂತ ತಗ್ಗಿನ ಶಬ್ದ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಹೇಳಲಾಗದು, ಆದ್ದರಿಂದ ಬಾಕ್ಸ್ ಎಲ್ಲಿದೆ ಎಂಬುದು ಬಯಲಾಗುವುದಿಲ್ಲ. ನಮ್ಮ ಸಂಗೀತದಲ್ಲಿ ಇದನ್ನು ಅಳೆದು ನೋಡಬಹುದು. ‘ಸಿ’ ಶ್ರುತಿಗೆ ಹಾಡುವ ಗಂಡಸಿನ ಮಧ್ಯ ಸ್ಥಾಯಿಯ ಷಡ್ಜ ಸುಮಾರು 131 ಹರ್ಟ್ಜ್, ಮಂದ್ರ ಪಂಚಮ 98, ಮಂದ್ರ ಷಡ್ಜ 65. ಅಂದರೆ ಗಾಯಕರು ಮಂದ್ರ ಪಂಚಮಕ್ಕೆ ಇಳಿದರೂ ದನಿ ಮುಂದಿನ ಸ್ಪೀಕರಿನಲ್ಲೇ ಇರುತ್ತದೆ. ಮುಷ್ಟಿ ಗಾತ್ರದ ಸ್ಪೀಕರ್‌ಗಳ ಸೆಟ್ ತಂದಿರೋ, ಅವು 80ಕ್ಕೆ ಇಳಿಯಲಾರವು, ಗೆರೆಯನ್ನು 150ಕ್ಕೆ ಏರಿಸಬೇಕಾಗುತ್ತದೆ. ಆಗ ಷಡ್ಜವೇ ಗೆರೆಯ ಕೆಳಗೆ ಬಿತ್ತು. ಹಾಡುವವರು ಮುಂದೆ ಕೂತು ದನಿ ಮೂಲೆಯಿಂದ ಬಂದಂತಾಗುತ್ತದೆ. ಸಿನಿಮಾದಲ್ಲಿ ಗಂಡಸರ ಮಾತಿಗೂ ಇದೇ ಗತಿ. ಹೀಗಾಗಿ ಕೈಯಲ್ಲಿರುವ ದುಡ್ಡಿಗೆ ದೊಡ್ಡ ಸಬ್‌ವೂಫರ್, ಪುಟಾಣಿ ಸ್ಪೀಕರ್ ತರಬೇಡಿ. ಐದಾರು ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಸ್ಪೀಕರ್ ಮೊದಲು ತನ್ನಿ, ಸಬ್‌ವೂಫರ್ ಆರು ತಿಂಗಳು ಬಿಟ್ಟು ಬರಲಿ.

ಅದೇ ಮೆನುವಿನಲ್ಲಿ ‘ಎಲ್‌ಪಿಎಫ್ ಫಾರ್ ಎಲ್‌ಎಫ್‌ಇ’ ಎಂಬ ಇನ್ನೊಂದು ಸಾಲು ಇರುತ್ತದೆ. ಎಲ್‌ಪಿಎಫ್ ಎಂದರೆ ಲೋ ಪಾಸ್ ಫಿಲ್ಟರ್, ಗೆರೆಯ ಕೆಳಗಿನದನ್ನು ಮಾತ್ರ ಬಿಡುವ ಜರಡಿ. ಇದೂ ಕ್ರಾಸ್‌ಓವರ್ ಎಂದುಕೊಂಡು 80 ಹಾಕುವವರು ಬಹಳ. ಇದು ಪಾಯಿಂಟ್ ಒನ್‌ಗೆ ಸಂಬಂಧಿಸಿದ್ದು. ಆ ಚಾನೆಲ್ಲಿನಲ್ಲಿ 120ರವರೆಗೆ ಶಬ್ದ ಇರುತ್ತದೆ. 80ಕ್ಕೆ ಕತ್ತರಿಸಿದರೆ ಮೇಲಿನದು ಬೇರೆ ಯಾವ ಸ್ಪೀಕರಿಗೂ ಹೋಗುವುದಿಲ್ಲ, ಸುಮ್ಮನೆ ಕಳೆದುಹೋಗುತ್ತದೆ. 120 ಇರಲಿ, ಮುಟ್ಟಬೇಡಿ. ಹಾಗೆಯೇ ಸಬ್‌ವೂಫರಿನ ಹಿಂದಿರುವ ಕ್ರಾಸ್‌ಓವರ್ ತಿರುಪನ್ನು ಪೂರ್ತಿ ಬಲಕ್ಕೆ ತಿರುಗಿಸಿಬಿಡಿ. ಗೆರೆ ಎಳೆಯುವ ಕೆಲಸ ರಿಸೀವರ್ ಮಾಡಿಯಾಗಿದೆ.

ಇಡುವ ಜಾಗದ ಬಗ್ಗೆ ಚುಟುಕಾಗಿ. 12 ಅಡಿ ಉದ್ದದ ಕೋಣೆಯಲ್ಲಿ ಸುಮಾರು 47 ಹರ್ಟ್ಜ್‌ನ ಶಬ್ದ ಎರಡು ಗೋಡೆಗಳ ನಡುವೆ ನಿಂತ ಅಲೆಯಾಗುತ್ತದೆ. ಗೋಡೆಯ ಪಕ್ಕ ಗುಂಯ್ ಅನ್ನುತ್ತದೆ, ಕೋಣೆಯ ನಟ್ಟನಡುವೆ ಕೇಳುವುದೇ ಇಲ್ಲ. ಸೋಫಾ ನಡುವೆ ಇದ್ದರೆ ಎಷ್ಟು ಇಂಚಿನ ಸಬ್‌ವೂಫರ್ ತಂದರೂ ಅಷ್ಟೆ. ಬಾಕ್ಸನ್ನು ಸೋಫಾದ ಮೇಲೆ ಇಟ್ಟು, ತಗ್ಗಿನ ಸ್ವರ ಚೆನ್ನಾಗಿರುವ ಹಾಡು ಹಾಕಿ, ನೀವು ಗೋಡೆಯಂಚಿನಲ್ಲಿ ಮಂಡಿಯೂರಿ ಸುತ್ತಿ ಬನ್ನಿ. ಸ್ವರಗಳೆಲ್ಲ ಸಮವಾಗಿ ಕೇಳುವ ಜಾಗದಲ್ಲಿ ಬಾಕ್ಸ್ ಇಡಿ. ನೋಡುವವರಿಗೆ ವಿಚಿತ್ರ ಅನ್ನಿಸಬಹುದು, ಇದಕ್ಕಿಂತ ನೆಚ್ಚಿಕೊಳ್ಳಬಹುದಾದ ದಾರಿ ನನಗೆ ಕಂಡಿಲ್ಲ.

ಪಾಯಿಂಟ್ ಒನ್ ನಿಜವಾಗಿ ಬರುತ್ತಿದೆಯೇ ಎಂದು ತಿಳಿಯಲು ಕಿವಿ ಬೇಡ, ರಿಸೀವರಿನ ಇನ್ಫೋ ಗುಂಡಿ ಸಾಕು. ಒಳಗೆ ಬರುತ್ತಿರುವ ಸಂಕೇತ ಯಾವುದೆಂದು ಅದು ಬರೆದು ತೋರಿಸುತ್ತದೆ. 3/2/.1 ಎಂದಿದ್ದರೆ ಮುಂದೆ ಮೂರು, ಸುತ್ತ ಎರಡು, ಕೊನೆಯದು ಎಲ್‌ಎಫ್‌ಇ. 5.1 ಇರುವ ಸಿನಿಮಾ ಹಾಕಿದ್ದರೂ 2/0/.0 ಎಂದು ತೋರಿಸಿದರೆ ಟಿವಿಯ ಆಡಿಯೊ ಔಟ್‌ಪುಟ್ ‘ಪಿಸಿಎಂ’ನಲ್ಲಿದೆಯೇ, ಅಂದರೆ ಟಿವಿಯೇ ಎರಡು ಚಾನೆಲ್ಲಿಗೆ ಇಳಿಸಿ ಕಳಿಸುತ್ತಿದೆಯೇ, ನೋಡಿ. ಅದನ್ನು ‘ಪಾಸ್ ಥ್ರೂ’ ಅಥವಾ ‘ಆಟೋ’ಗೆ ಬದಲಿಸಿ.

ಭಾವನ ಮನೆಯ ರಿಸೀವರಿನಲ್ಲಿ ಮುಂದಿನ ಎರಡು ಸ್ಪೀಕರ್ ಲಾರ್ಜ್ ಆಗಿದ್ದವು. ಕಚೇರಿ ಸ್ಟೀರಿಯೊ, ಅಂದರೆ ಎಲ್‌ಎಫ್‌ಇ ಇಲ್ಲ. ಲಾರ್ಜ್ ಆದ್ದರಿಂದ ತಗ್ಗೂ ಹೋಗಲಿಲ್ಲ. ಬಾಕ್ಸಿಗೆ ನುಡಿಸಲು ಯಾರೂ ಏನೂ ಕೊಟ್ಟಿರಲಿಲ್ಲ. ಫೋನಿನಲ್ಲೇ ಒಂದೊಂದು ಗುಂಡಿ ಹೇಳಿ ಸ್ಮಾಲ್ ಮಾಡಿಸಿದೆ, 80 ಹಾಕಿಸಿದೆ. ಅದೇ ಕಚೇರಿ ಮತ್ತೆ ಹಾಕಿದರು. ತನಿ ಆವರ್ತನದಲ್ಲಿ ಎಡಗೈ ಒತ್ತಿ ಜಾರಿಸಿದಾಗ ಏಳುವ ಆ ಗುಂಕಾರ ನನಗೆ ಫೋನಿನಲ್ಲಿ ಕೇಳಿಸಲಿಲ್ಲ, ಅವರಿಗೆ ಕೇಳಿಸಿತೆಂದು ಅವರ ದನಿಯಲ್ಲೇ ಗೊತ್ತಾಯಿತು.

“ಬಂತು ನೋಡಯ್ಯಾ ಪಾಯಿಂಟ್ ಒನ್!” ಅಂದರು.

“ಇನ್ಫೋ ಗುಂಡಿ ಒತ್ತಿ ಭಾವ, ಏನು ಬರೆದಿದೆ ಓದಿ” ಅಂದೆ.

ಓದಿದರು: “ಎರಡು, ಸೊನ್ನೆ, ಪಾಯಿಂಟ್ ಸೊನ್ನೆ.”